ಪ್ರಾರ್ಥನೆಯೂ ಇರಲಿ, ಲೆಕ್ಕದ ಪುಸ್ತಕವೂ ತೆರೆದಿರಲಿ

ನಮಸ್ಕಾರ. "ದೇವರು ಒದಗಿಸುತ್ತಾನೆ." ನಮ್ಮ ಬೀದರಿನ ಕ್ರೈಸ್ತ ಸಭೆಗಳಲ್ಲಿ ಸೇವಾಸಂಸ್ಥೆಯ ಹಣದ ಮಾತು ಬಂದಾಗಲೆಲ್ಲ ಈ ವಾಕ್ಯ ಕೇಳಿಸುತ್ತದೆ. ನನಗೂ ಆ ನಂಬಿಕೆ ಇದೆ. ಆದರೆ ಹಾಸ್ಟೆಲಿನ ಅಡುಗೆಯವರಿಗೆ ಸಂಬಳ ತಡವಾದಾಗ ಇದೇ ವಾಕ್ಯವನ್ನು ಅವರ ಕೈಗಿಟ್ಟು ಕಳಿಸುವುದನ್ನು ನಾನು ವಿಶ್ವಾಸ ಎಂದು ಕರೆಯಲಾರೆ. ಅವರ ಮನೆಯ ಯಜಮಾನ ಬಾಡಿಗೆಗೆ ಬದಲಾಗಿ ಬೈಬಲ್ ವಚನ ಕೇಳಿ ಹೋಗುವವನಲ್ಲ.

ಕಷ್ಟ ನಿಜವೇ. ಅಮೆರಿಕದ ಮೆಥೋಡಿಸ್ಟ್ ಮಿಷನರಿಗಳು ಕಟ್ಟಿದ ಶಾಲೆ, ಆಸ್ಪತ್ರೆಗಳ ನೆರಳಿನಲ್ಲಿ ಬೆಳೆದ ನಮಗೆ ಹಣ ಹೊರಗಿನಿಂದ ಬರುತ್ತದೆ ಎಂಬ ರೂಢಿ ಬಿದ್ದಿದೆ. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಬಂತು. ನೋಂದಣಿ ಇರುವ ದೊಡ್ಡ ಸಂಸ್ಥೆ ತನಗೆ ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ಹಂಚುವಂತಿಲ್ಲ ಎಂದಾಯಿತು. ಆಡಳಿತ ವೆಚ್ಚದ ಮಿತಿ ಶೇ 50ರಿಂದ ಶೇ 20ಕ್ಕೆ ಇಳಿಯಿತು. ದೊಡ್ಡವರ ಕೈ ನೋಡಿಕೊಂಡಿದ್ದ ಚಿಕ್ಕ ಸಂಸ್ಥೆಗಳ ಬಾಗಿಲಿಗೇ ಇದು ಬಂದು ಬಡಿಯಿತು. ಊರಲ್ಲೇ ಎತ್ತೋಣ ಎಂದರೆ, 2022ರಲ್ಲಿ ಕಲಬುರಗಿ ಕಡೆ ತೊಗರಿಗೆ ನೆಟೆ ರೋಗ. ಬೆಳೆ ಒಣಗಿ ಗುಳೆ ಹೊರಟವರ ಮುಂದೆ ಕಾಣಿಕೆ ಚೀಲ ಹಿಡಿಯಲು ಯಾರಿಗೆ ಮನಸ್ಸು ಬರುತ್ತದೆ?

ಇಂಥ ಹೊತ್ತಿನಲ್ಲಿ ಸಭಾಪಾಲಕರು ಬೈಬಲಿನ ಸೀದೋನ್ ಸೀಮೆಯ ವಿಧವೆಯ ಕಥೆ ತೆಗೆಯುತ್ತಾರೆ. ಬರಗಾಲದಲ್ಲಿ ಪ್ರವಾದಿ ಎಲೀಯ ರೊಟ್ಟಿ ಕೇಳಿದ, ಆಕೆ ಕೊಟ್ಟಳು, ಹಿಟ್ಟು ತೀರಲಿಲ್ಲ, ಎಣ್ಣೆ ಬತ್ತಲಿಲ್ಲ. ಎಲ್ಲರೂ ನೇರವಾಗಿ ಪವಾಡಕ್ಕೇ ಹೋಗುತ್ತಾರೆ. ನಾನು ಅದಕ್ಕೂ ಮುಂಚಿನ ಮಾತಿನ ಬಳಿಯೇ ನಿಂತುಬಿಡುತ್ತೇನೆ. ಮನೆಯಲ್ಲಿ ಒಂದು ಹಿಡಿ ಹಿಟ್ಟು, ಚೂರು ಎಣ್ಣೆ ಇದೆ, ಅದನ್ನು ತಿಂದು ನಾನೂ ಮಗನೂ ಸಾಯುತ್ತೇವೆ ಎಂದು ಆಕೆ ಪ್ರವಾದಿಯ ಮುಖಕ್ಕೇ ಹೇಳಿದಳು. ಮುಚ್ಚುಮರೆ ಇಲ್ಲ. ಬುತ್ತಿ ಎಷ್ಟಿದೆ ಎಂದು ಹೇಳಿದ್ದಕ್ಕೆ ಎಲೀಯ ಆಕೆಯನ್ನು ಅವಿಶ್ವಾಸಿ ಎನ್ನಲಿಲ್ಲ, ಹೆದರಬೇಡ ಎಂದ. ನಮ್ಮ ಕಮಿಟಿಗಳಲ್ಲಿ ಖಜಾಂಚಿ ಇಷ್ಟೇ ಉಳಿದಿದೆ ಎಂದರೆ ಸಾಕು, ಅವರ ವಿಶ್ವಾಸ ಕಡಿಮೆಯಾಯಿತು ಎಂದು ಗೊಣಗುವವರು ಎದ್ದು ನಿಲ್ಲುತ್ತಾರೆ.

ಮಿಜೋರಾಮಿನ ಕ್ರೈಸ್ತ ಹೆಂಗಸರು ಪ್ರತಿ ಅಡುಗೆಯ ಹೊತ್ತಿಗೂ ಒಂದು ಹಿಡಿ ಅಕ್ಕಿ ತೆಗೆದಿಟ್ಟು ಸಭೆಗೆ ಕೊಡುವ ಪದ್ಧತಿಯನ್ನು 1910ರಲ್ಲಿ ಆರಂಭಿಸಿದರು. ಅವರೇನೂ ಸಿರಿವಂತರಾಗಿರಲಿಲ್ಲ. ಅಷ್ಟು ದೂರ ಏಕೆ, ಕಲಬುರಗಿಯ ಶರಣಬಸವೇಶ್ವರರ ದಾಸೋಹ ಪರಂಪರೆ ಕಣ್ಣೆದುರಿಗಿದೆ. ಉಣ್ಣುವವನನ್ನು ಯಾರು ಎಂದು ಕೇಳದ ಆ ಪಂಕ್ತಿಯಿಂದ ಕಲಿಯಲು ಕ್ರೈಸ್ತರಿಗೆ ಸಂಕೋಚ ಬೇಕಿಲ್ಲ. ಒಂದು ಹಿಡಿ ಜೋಳ ಕೊಡುವ ಬಡವಳನ್ನು ನಾವು ಫಲಾನುಭವಿಗಳ ಪಟ್ಟಿಯಲ್ಲಿ ಮಾತ್ರ ಬರೆದುಕೊಂಡಿದ್ದೇವೆ, ದಾನಿಗಳ ಪಟ್ಟಿಯಲ್ಲಿ ಆಕೆಗೆ ಜಾಗವಿಲ್ಲ. ನನಗೆ ಸಿಟ್ಟು ಬರುವುದು ಇಲ್ಲಿಯೇ.

ನನ್ನ ಬೇಡಿಕೆ ದೊಡ್ಡದಲ್ಲ. ತಿಂಗಳಿಗೊಮ್ಮೆ ಆರಾಧನೆ ಮುಗಿದ ಮೇಲೆ ಸಂಸ್ಥೆಯ ಜಮಾ ಖರ್ಚನ್ನು ಗಟ್ಟಿಯಾಗಿ ಓದಿರಿ. ಹಣ ಸಾಲದಿದ್ದರೆ ಕಡಿಮೆ ಸಂಬಳದವರಿಗೆ ಮೊದಲು ಕೊಡಿರಿ, ನಿರ್ದೇಶಕರು ಕಾಯಲಿ. ಲೆಕ್ಕ ಕೇಳಿ ಹೆದರಿ ಓಡುವ ದಾನಿಗಳಿದ್ದರೆ ಓಡಲಿ ಬಿಡಿ. ಮುಂದಿನ ಸುಗ್ಗಿ ಹಬ್ಬದಲ್ಲಿ ಸಭೆಗೆ ಕಾಣಿಕೆಯಾಗಿ ಬರುವ ಬೆಳೆಯ ಹರಾಜಿನಿಂದಲೇ ಶುರು ಮಾಡೋಣ. ಕುಂಬಳಕಾಯಿ ಎಷ್ಟಕ್ಕೆ ಹೋಯಿತು ಎಂಬುದು ಸಂಜೆಯೊಳಗೆ ಓಣಿಗೆಲ್ಲ ಗೊತ್ತಿರುತ್ತದೆ, ಆ ಹಣ ಎಲ್ಲಿಗೆ ಹೋಯಿತು ಎಂಬುದೂ ಗೊತ್ತಾಗಲಿ.