ನೆಲ ಅಗೆಯೋದು ಒಂದೇ ಸಲ ಸಾಕು

ಎಲ್ಲರಿಗೂ ನಮಸ್ಕಾರ. ಮಳೆ ಹಿಡಿದುಕೊಂಡಿದ್ದರೂ ಹಾಸನದ ಸುತ್ತಮುತ್ತಲಿಂದ ಇಷ್ಟು ಜನ ಬಂದಿದ್ದೀರಿ. ಮುಂದೆ ಸಿವಿಲ್ ಓದುವ ಮಕ್ಕಳಿದ್ದೀರಿ. ಹಿಂದಿನ ಸಾಲಿನಲ್ಲಿ ನನ್ನ ಜೊತೆ ಸೈಟಿನಲ್ಲಿ ದುಡಿದ ಇಬ್ಬರು ಮೇಸ್ತ್ರಿಗಳು ಕೂತಿದ್ದಾರೆ. ನಾನು ಎಲ್ಲಾದರೂ ತಪ್ಪಿದರೆ ಅಲ್ಲೇ ಎದ್ದು ಹೇಳಿ ಅಂತ ಅವರನ್ನು ಮೊದಲೇ ಕೇಳಿಕೊಂಡಿದ್ದೇನೆ.

ಇವತ್ತಿನ ವಿಷಯ, ಹಲವು ವಿಭಾಗಗಳ ಕೆಲಸವನ್ನು ಒಟ್ಟಿಗೆ ಹಿಡಿಯುವ ಗುತ್ತಿಗೆ ಕಂಪನಿಗಳು. ರಸ್ತೆ, ಸೇತುವೆ, ಕುಡಿಯುವ ನೀರಿನ ಪೈಪು, ಯುಜಿಡಿ ಅಂದರೆ ನೆಲದಡಿಯ ಒಳಚರಂಡಿ, ಪಂಪ್‌ಹೌಸ್, ಕರೆಂಟ್ ಲೈನು. ಇಷ್ಟನ್ನೂ ಒಂದೇ ಕಂಪನಿ ವಹಿಸಿಕೊಂಡು ಒಂದು ಭಾಗದ ಉದ್ದಕ್ಕೂ ಮಾಡುತ್ತಾ ಹೋಗುತ್ತದೆ. ಇದರಿಂದ ಊರಿಗೆ ಏನು ಲಾಭ? ಆ ಲಾಭ ಯಾವಾಗ ಸಿಗುತ್ತದೆ, ಯಾವಾಗ ಸಿಗುವುದಿಲ್ಲ? ನಾನು ಕಂಡಿದ್ದನ್ನು ಹೇಳುತ್ತೇನೆ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಬಡಾವಣೆಯ ರಸ್ತೆ ಮಾಡಿಸುತ್ತಿದ್ದೆ. ಮಾರ್ಚಿನಲ್ಲಿ ಡಾಂಬರು ಹಾಕಿ ಮುಗಿಸಿದೆವು. ಕನ್ನಡಿ ಹಾಗೆ ಇತ್ತು. ಏಪ್ರಿಲ್‌ನಲ್ಲಿ ಕುಡಿಯುವ ನೀರಿನ ಪೈಪಿನವರು ಬಂದು ಒಂದು ಬದಿ ಅಗೆದರು. ಅವರು ಬೇರೆ ಟೆಂಡರಿನವರು. ಮೇ ತಿಂಗಳಲ್ಲಿ ಯುಜಿಡಿಯವರು ಬಂದು ನಡುವೆಯೇ ಅಗೆದರು. ಜೂನಿನಲ್ಲಿ ಮಳೆ ಬಂತು. ಮುಚ್ಚಿದ್ದ ಮಣ್ಣು ಕುಸಿದು, ರಸ್ತೆಯ ಉದ್ದಕ್ಕೂ ಮೊಣಕಾಲು ಮುಳುಗುವಷ್ಟು ಆಳದ ಕಾಲುವೆ ಆಯಿತು. ಜಗಲಿ ಮೇಲೆ ಕೂತಿದ್ದ ಒಬ್ಬ ಅಜ್ಜಿ ನನ್ನನ್ನು ಕರೆದು ಕೇಳಿದರು: "ಎಷ್ಟ್ ಸಲ ಅಗೀತೀರಪ್ಪ? ಒಂದೇ ಸಲ ಅಗ್ದು ಎಲ್ಲಾ ಹೂತ್ಬಿಡಬಾರ್ದಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಮೂರು ಎಸ್ಟಿಮೇಟೂ ಸರಿಯಾಗಿದ್ದವು. ಮೂರು ಎಂಬಿಯಲ್ಲೂ, ಅಂದರೆ ಅಳತೆ ಪುಸ್ತಕದಲ್ಲೂ, ಅಳತೆ ಸರಿಯಾಗಿ ಬರೆದಿತ್ತು. ಮೂವರಿಗೂ ಬಿಲ್ ಆಯಿತು. ರಸ್ತೆ ಮಾತ್ರ ಉಳಿಯಲಿಲ್ಲ.

ಆ ಮಣ್ಣು ಯಾಕೆ ಕುಸಿಯಿತು ಅಂತ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಮಕ್ಕಳು ಗಮನ ಕೊಡಿ. ಅಗೆದ ಮಣ್ಣು ಹಿಗ್ಗುತ್ತದೆ. ಅದೇ ಗುಂಡಿಗೆ ತುಂಬಿದರೂ ಒಂದು ರಾಶಿ ಹೊರಗೇ ಉಳಿಯುತ್ತದೆ. ಉಳಿದದ್ದು ಮಣ್ಣಲ್ಲ, ಒಳಗೆ ಸೇರಿಕೊಂಡ ಗಾಳಿಯ ಲೆಕ್ಕ. ಜೆಸಿಬಿಯಲ್ಲಿ ಒಂದೇ ಸಲ ತಳ್ಳಿ ಮೇಲಿಂದ ಬಕೆಟ್‌ನಲ್ಲಿ ತಟ್ಟಿದರೆ ಆ ಗಾಳಿ ಹೋಗುವುದಿಲ್ಲ. ಮಳೆ ನೀರು ಇಳಿದು ಗಾಳಿಯ ಜಾಗ ಹಿಡಿಯುತ್ತದೆ, ಮಣ್ಣು ಕೆಳಗೆ ಕೂರುತ್ತದೆ. ಅದಕ್ಕೇ 20 ಸೆಂಟಿಮೀಟರ್‌ನಷ್ಟು ಪದರ ಹಾಕಬೇಕು, ಹದವಾಗಿ ನೀರು ಚಿಮುಕಿಸಬೇಕು, ಕುಟ್ಟಬೇಕು, ಆಮೇಲೆ ಮುಂದಿನ ಪದರ. ಪ್ರಾಕ್ಟರ್ ಪರೀಕ್ಷೆಯಲ್ಲಿ ಆ ಮಣ್ಣಿಗೆ ಸಿಗುವ ಗರಿಷ್ಠ ಸಾಂದ್ರತೆಯ ಶೇ. 97 ರಷ್ಟು ಹೆದ್ದಾರಿಯ ಸಬ್‌ಗ್ರೇಡ್‌ನಲ್ಲಿ, ಅಂದರೆ ರಸ್ತೆಯ ಪದರಗಳ ಕೆಳಗಿನ ಮಣ್ಣಿನ ತಳದಲ್ಲಿ, ಬರಬೇಕು ಅಂತ ನಿಯಮ ಇದೆ. ಪೈಪಿಗೆ ಅಗೆದ ಮೂರಡಿ ಅಗಲದ ಗುಂಡಿಯೊಳಗೆ ದೊಡ್ಡ ರೋಲರ್ ಇಳಿಯುವುದಿಲ್ಲ. ಸಣ್ಣ ಯಂತ್ರ ಹಿಡಿದು ತಾಳ್ಮೆಯಿಂದ ಮಾಡಬೇಕು. ಪೈಪಿನವರಿಗೆ ಹಣ ಬರೋದು ಪೈಪು ಹಾಕಿದ್ದಕ್ಕೆ. ಮಣ್ಣು ಮುಚ್ಚೋದು ಅವರ ಬಿಲ್ಲಿನಲ್ಲಿ ಒಂದು ಸಣ್ಣ ಸಾಲು. ಕುಟ್ಟುವ ತಾಳ್ಮೆ ಎಲ್ಲಿಂದ ಬರಬೇಕು?

ಹಾಗಾದರೆ ಸರಿಯಾದ ಕ್ರಮ ಯಾವುದು? ಎಲ್ಲಕ್ಕಿಂತ ಆಳದಲ್ಲಿ ಯುಜಿಡಿ. ಅದರ ನೀರನ್ನು ಯಾರೂ ತಳ್ಳುವುದಿಲ್ಲ, ಇಳಿಜಾರಿನಲ್ಲಿ ತಾನೇ ಹರಿಯಬೇಕು. ಕೊಳೆ ತಳದಲ್ಲಿ ಕೂರದೆ ಸಾಗಬೇಕಾದರೆ ಸೆಕೆಂಡಿಗೆ ಸುಮಾರು 0.6 ಮೀಟರ್ ವೇಗ ಬೇಕು. ಆದ್ದರಿಂದ ಅದರ ಮಟ್ಟವನ್ನು ಯಾರ ಸಲುವಾಗಿಯೂ ಎತ್ತೋಕಾಗಲ್ಲ, ಇಳಿಸೋಕಾಗಲ್ಲ. ಕುಡಿಯುವ ನೀರಿನ ಪೈಪು ಹಾಗಲ್ಲ. ಒಳಗೆ ಒತ್ತಡ ಇರುತ್ತದೆ. ಏರಿಸಬಹುದು, ಇಳಿಸಬಹುದು, ಬೆಂಡ್ ಹಾಕಿ ತಿರುಗಿಸಬಹುದು. ಕೇಬಲ್ ಅಂತೂ ಹಗ್ಗದ ಹಾಗೆ. ಬಗ್ಗದ್ದಕ್ಕೆ ಮೊದಲು ಜಾಗ ಕೊಡಬೇಕು, ಬಗ್ಗುವುದಕ್ಕೆ ಆಮೇಲೆ. ಎಲ್ಲ ಮುಗಿದು, ಪೈಪಿನಲ್ಲಿ ನೀರು ತುಂಬಿಸಿ ಒತ್ತಡದ ಪರೀಕ್ಷೆ ಮಾಡಿ, ಸೋರುವುದಿಲ್ಲ ಅಂತ ಖಾತ್ರಿ ಆದ ಮೇಲೆ ಡಾಂಬರು.

ಕುಡಿಯುವ ನೀರಿನ ಪೈಪು ಯಾವಾಗಲೂ ಯುಜಿಡಿಗಿಂತ ಮೇಲೆ ಇರಬೇಕು, ಪಕ್ಕದಲ್ಲಾದರೆ ದೂರ ಇರಬೇಕು. ನೀರು ಬಿಟ್ಟಾಗ ಪೈಪಿನಲ್ಲಿ ಒತ್ತಡ ಇರುತ್ತದೆ, ಸೋರಿದರೂ ಹೊರಗೆ ಸೋರುತ್ತದೆ. ನಿಲ್ಲಿಸಿದ ಮೇಲೆ ಒಳಗೆ ಖಾಲಿ. ಆಗ ಸಡಿಲವಾದ ಜಾಯಿಂಟಿನಿಂದ ಹೊರಗಿನ ಕೊಳಚೆಯನ್ನೇ ಒಳಗೆ ಎಳೆದುಕೊಳ್ಳುತ್ತದೆ. ಮಾರನೇ ದಿನ ಆ ನೀರು ಯಾವುದೋ ಮನೆಯ ಬಿಂದಿಗೆಗೆ ಬೀಳುತ್ತದೆ, ಅಲ್ವಾ? ಮಣ್ಣೊಳಗಿನ ಒಂದಡಿ ವ್ಯತ್ಯಾಸ ಮಗುವಿನ ಹೊಟ್ಟೆಗೆ ಮುಟ್ಟುವ ವಿಷಯ ಇದು.

ಒಂದೇ ಕಂಪನಿಗೆ ಎಲ್ಲ ಕೆಲಸ ಕೊಟ್ಟರೆ ಈ ಕ್ರಮ ತಾನೇ ಬರುತ್ತದೆ ಅಂದುಕೊಳ್ಳಬೇಡಿ. ನಾನು ಆಮೇಲೆ ಅಂಥದ್ದೇ ಒಂದು ಕಂಪನಿಯಲ್ಲಿ ವರ್ಷಗಟ್ಟಲೆ ದುಡಿದೆ. ಬೋರ್ಡು ಒಂದೇ ಇತ್ತು, ಒಳಗೆ ಐದು ಸಬ್ ಕಾಂಟ್ರಾಕ್ಟು. ರಸ್ತೆ ವಿಭಾಗದವರಿಗೂ ನೀರಿನ ವಿಭಾಗದವರಿಗೂ ಮಾತೇ ಇರಲಿಲ್ಲ. ಪರಿಸ್ಥಿತಿ ಬದಲಾಗಿದ್ದು ಒಬ್ಬ ಪ್ರಾಜೆಕ್ಟ್ ಮ್ಯಾನೇಜರ್ ಬಂದ ಮೇಲೆ. ಅವರು ದೊಡ್ಡ ಸುಧಾರಣೆ ಏನೂ ಮಾಡಲಿಲ್ಲ. ಒಂದೇ ಹಾಳೆಯಲ್ಲಿ ಐದು ಬಣ್ಣದಲ್ಲಿ ಐದು ಲೈನು ಬರೆಸಿದರು. ಪ್ರತಿ ಸೋಮವಾರ ಐದೂ ಜನ ಆ ಹಾಳೆಯ ಸುತ್ತ ನಿಂತು ಸಹಿ ಹಾಕಬೇಕು. ಸಹಿ ಇಲ್ಲದೆ ಹಿಟಾಚಿಗೆ ಡೀಸೆಲ್ ಇಲ್ಲ. ಇಷ್ಟೇ. ಆ ವರ್ಷ ನಾವು ಅಗೆದ ಬೀದಿಯನ್ನು ಮತ್ತೆ ಅಗೆಯಲಿಲ್ಲ.

ಈಗ ಘಟ್ಟದ ಕಡೆ ಬರೋಣ. ನಮ್ಮ ಜಿಲ್ಲೆಯ ಕಷ್ಟ ವಿಚಿತ್ರ. ಅರಸೀಕೆರೆಯ ಕಡೆ ಮಳೆಗೆ ಕಾಯಬೇಕು. ಸಕಲೇಶಪುರದ ಕಡೆ ಮಳೆಗೆ ಹೆದರಬೇಕು, ವರ್ಷಕ್ಕೆ 2,000 ಮಿಲಿಮೀಟರ್ ದಾಟುತ್ತದೆ. ಒಂದೇ ಡ್ರಾಯಿಂಗ್ ಎರಡೂ ಕಡೆ ನಡೆಯುವುದಿಲ್ಲ. ಮಲೆನಾಡಿನಲ್ಲಿ ಕೆಲಸದ ವರ್ಷ ಅಂದರೆ ನವೆಂಬರಿನಿಂದ ಮೇವರೆಗೆ. ಟೆಂಡರ್ ಕಾಗದದಲ್ಲಿ 12 ತಿಂಗಳು ಅಂತ ಇದ್ದರೂ ಕೈಗೆ ಸಿಗೋದು ಏಳು.

ಶಿರಾಡಿ ಘಾಟಿಯನ್ನು ನೆನಪು ಮಾಡಿಕೊಳ್ಳಿ. 2018 ರಲ್ಲಿ ತಿಂಗಳುಗಟ್ಟಲೆ ವಾಹನ ನಿಲ್ಲಿಸಿ ಕಾಂಕ್ರೀಟ್ ಹಾಕಿದರು. ಜುಲೈನಲ್ಲಿ ರಸ್ತೆ ತೆರೆಯಿತು. ಆಗಸ್ಟ್‌ನಲ್ಲಿ ಗುಡ್ಡ ಜಾರಿ ಮತ್ತೆ ಬಂದ್ ಆಯಿತು. ಸಕಲೇಶಪುರ–ಸುಬ್ರಹ್ಮಣ್ಯ ರೈಲು ಮಾರ್ಗವೂ ಆಗ ಮಣ್ಣಿನಡಿ ಸಿಕ್ಕಿತು. ಸುಮಾರು 55 ಕಿಲೋಮೀಟರ್, 57 ಸುರಂಗ, 50 ಮೀಟರ್ ಹೋದರೆ 1 ಮೀಟರ್ ಏರುವ ಕಡಿದಾದ ದಾರಿ ಅದು. 2024 ರ ಜುಲೈನಲ್ಲಿ ದೊಡ್ಡತಪ್ಪಲೆಯ ಬಳಿ ಮತ್ತೆ ಮಣ್ಣು ಇಳಿದು ಹೆದ್ದಾರಿ ನಿಂತಿತು. ಗುಡ್ಡವನ್ನು ಗೋಡೆಯ ಹಾಗೆ ನೆಟ್ಟಗೆ ಕಡಿದದ್ದರ ಬಗ್ಗೆ ಆಗ ಎಷ್ಟು ಚರ್ಚೆಯಾಯಿತು, ನಿಮಗೆ ಗೊತ್ತು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಘಾಟಿಯಲ್ಲಿ ರಸ್ತೆಯ ಕೆಲಸ ರಸ್ತೆಯಲ್ಲಿ ಮುಗಿಯುವುದಿಲ್ಲ. ಮೇಲಿನ ಗುಡ್ಡದ ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗಬೇಕು ಅನ್ನೋದು ಮೊದಲು. ಕಡಿದ ಇಳಿಜಾರಿನ ನೆತ್ತಿಯಲ್ಲಿ ಒಂದು ಚರಂಡಿ ಬೇಕು, ನೀರು ಕಡಿದ ಮುಖಕ್ಕೆ ಇಳಿಯದೆ ಪಕ್ಕಕ್ಕೆ ಹೋಗಲಿಕ್ಕೆ. ತಡೆಗೋಡೆಗೆ ತೂತು ಬೇಕು, ಹಿಂದೆ ಜಲ್ಲಿ ತುಂಬಿರಬೇಕು. ಎಷ್ಟೋ ಕಡೆ ಗೋಡೆ ಬಿದ್ದದ್ದು ಮಣ್ಣಿನ ಭಾರಕ್ಕಲ್ಲ, ಹಿಂದೆ ಕಟ್ಟಿಕೊಂಡ ನೀರಿನ ಒತ್ತಡಕ್ಕೆ. ಮೋರಿಯ ಬಾಯಿ ಕಾಫಿ ತೋಟದ ಹಳೇ ಹಳ್ಳಕ್ಕೆ ಸರಿಯಾಗಿ ಕೂರಬೇಕು. ಅದನ್ನು ತಿಳಿಯಲು ತೋಟದ ಹಿರಿಯರನ್ನು ಕೇಳಿದರೆ ಸಾಕು, ಮಳೆಗಾಲದಲ್ಲಿ ನೀರು ಎಲ್ಲಿ ನುಗ್ಗುತ್ತೆ ಅಂತ ಕೈ ತೋರಿಸಿ ಹೇಳುತ್ತಾರೆ. ಮಣ್ಣು ಬಲ್ಲವರು, ನೀರು ಬಲ್ಲವರು, ರಸ್ತೆ ಬಲ್ಲವರು ಒಂದೇ ಜೀಪಿನಲ್ಲಿ ಹೋಗಿ ಗುಡ್ಡ ನೋಡಿ ಬರಬೇಕು. ಬಹು ವಿಭಾಗದ ಕಂಪನಿ ಅನ್ನಿಸಿಕೊಳ್ಳಲು ನನ್ನ ಲೆಕ್ಕದಲ್ಲಿ ಇದೇ ಅರ್ಹತೆ.

ಎತ್ತಿನಹೊಳೆ ಯೋಜನೆ ಬಗ್ಗೆ ಯಾರಾದರೂ ಕೇಳೇ ಕೇಳುತ್ತೀರಿ. ಸಕಲೇಶಪುರದ ಕಡೆಯ ಹೊಳೆಗಳ ನೀರನ್ನು ಮೇಲೆತ್ತಿ ಪೂರ್ವದ ಬರದ ಜಿಲ್ಲೆಗಳಿಗೆ ಕೊಂಡೊಯ್ಯುವ ಯೋಜನೆ ಅದು. ಕಾಡಿನ ಬಗ್ಗೆ, ನದಿಯ ಬಗ್ಗೆ ಸಕಲೇಶಪುರದ ಜನರಿಗೆ ಇರುವ ನೋವು ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಕೆಲಸದ ದೃಷ್ಟಿಯಿಂದ ಮಾತ್ರ ಇಲ್ಲಿ ನೋಡುತ್ತಿದ್ದೇನೆ. ಎಂಟು ಒಡ್ಡು, ದಪ್ಪ ಉಕ್ಕಿನ ಪೈಪು, ದೊಡ್ಡ ಪಂಪು, ಅವಕ್ಕೆ ಸಬ್ ಸ್ಟೇಷನ್ನು, ಆಮೇಲೆ ಸುಮಾರು 250 ಕಿಲೋಮೀಟರ್ ಕಾಲುವೆ. ಮೊದಲ ಹಂತ 2024 ರ ಸೆಪ್ಟೆಂಬರ್ 6 ರಂದು ಗೌರಿ ಹಬ್ಬದ ದಿನ ಉದ್ಘಾಟನೆಯಾಯಿತು. ಇಂಥ ಕಡೆ ಸಿವಿಲ್‌ನವರು ಮುಗಿಸಿ ಕೂತರೂ ಕರೆಂಟ್ ಬಾರದಿದ್ದರೆ ಹನಿ ನೀರು ಮೇಲೆ ಬರುವುದಿಲ್ಲ.

ಚಿಕ್ಕಮಗಳೂರು ಜಿಲ್ಲೆಯ ಸಖರಾಯಪಟ್ಟಣದ ಹತ್ತಿರ ಅಯ್ಯನಕೆರೆ ಇದೆ, ನೋಡಿರುತ್ತೀರಿ. ಹೊಯ್ಸಳರ ಕಾಲದಲ್ಲೇ ರಿಪೇರಿ ಕಂಡ ಕೆರೆ. ಏರಿ ಕಟ್ಟುವಾಗಲೇ ನೀರು ಬಿಡುವ ತೂಬು ಎಲ್ಲಿ, ಹೆಚ್ಚಾದ ನೀರು ಹೊರಗೆ ಹೋಗುವ ಕೋಡಿ ಎಲ್ಲಿ ಅಂತ ನಿಶ್ಚಯ ಆಗಿರಬೇಕು. ಏರಿ ಮುಗಿಸಿ ಆಮೇಲೆ ತೂಬಿಗೆ ಅಂತ ಅಗೆದರೆ ಏರಿಯೇ ಸಡಿಲ. ಕೆರೆ ಕಟ್ಟುವವರಿಗೆ ಇದು ಚೆನ್ನಾಗಿ ಗೊತ್ತಿತ್ತು. ನಮ್ಮ ಬೀದಿಗಳಲ್ಲಿ ನಾವು ಮರೆತಿದ್ದು ಇದನ್ನೇ.

ಕೊನೆಯದಾಗಿ ಗುಂಡಿಯೊಳಗೆ ಇಳಿಯುವವರ ಮಾತು. ಯುಜಿಡಿ ಆಳಕ್ಕೆ ಹೋಗುತ್ತದೆ ಅಂದೆನಲ್ಲ, ಅಲ್ಲಿಗೆ ಇಳಿಯೋದು ಹೆಚ್ಚಾಗಿ ಬಿಹಾರ, ಒಡಿಶಾ, ಉತ್ತರ ಕರ್ನಾಟಕದಿಂದ ಬಂದ ಹುಡುಗರು. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿಗಿಂತ ಜಾಸ್ತಿ ತೂಗುತ್ತದೆ. ಎದೆಮಟ್ಟ ಮುಚ್ಚಿಕೊಂಡರೆ ಉಸಿರು ಎಳೆಯಲು ಆಗುವುದಿಲ್ಲ. ಒಂದೂವರೆ ಮೀಟರ್ ದಾಟಿದರೆ ಬದಿಗೆ ಹಲಗೆ ಕೊಟ್ಟು ತಡೆ ನಿಲ್ಲಿಸಿ. ಅಗೆದ ಮಣ್ಣನ್ನು ಅಂಚಿಗೇ ಸುರಿಯಬೇಡಿ. ಏಣಿ ಕೈಗೆ ಸಿಗುವ ಹಾಗಿರಲಿ. ರಾತ್ರಿ ಮಳೆ ಬಂದಿದ್ದರೆ ಬೆಳಿಗ್ಗೆ ಮೊದಲು ಎಂಜಿನಿಯರ್ ಹೋಗಿ ಬದಿ ನೋಡಲಿ, ಆಮೇಲೆ ಹುಡುಗರು ಇಳಿಯಲಿ. ಇದಕ್ಕೆ ಬಿಲ್ಲಿನಲ್ಲಿ ಸಾಲು ಇಲ್ಲ ಅನ್ನುವವರಿದ್ದಾರೆ. ಮೊದಲ ಎಸ್ಟಿಮೇಟಿನಲ್ಲೇ ಆ ಸಾಲು ಬರೆಯಿಸಿ.

ಪರದೆ ಮೇಲೆ ಈಗ ಒಂದು ಫೋಟೋ ಹಾಕುತ್ತಿದ್ದೇನೆ. ಐದು ಬಣ್ಣದ ಆ ಹಾಳೆ ಇದು, ಅಂಚೆಲ್ಲ ಹರಿದಿದೆ. ಕೆಂಪು ಗೆರೆ ಯುಜಿಡಿ. ಎಡಕ್ಕೆ, ಮೂರನೇ ಮ್ಯಾನ್‌ಹೋಲ್ ಹತ್ತಿರ ನೀಲಿ ಗೆರೆ ಯಾಕೆ ಬಾಗಿದೆ ಅಂತ ಮುಂದಿನ ಸಾಲಿನವರು ಹೇಳಿ ನೋಡೋಣ.