ಬಿಸಿ ಕೋಳಿ, ತಣ್ಣನೆ ಕೋಳಿ

ನಮಸ್ಕಾರ. ಇವತ್ತು ಕಾಫಿ ಲೋಟ ಪಕ್ಕದಲ್ಲೇ ಇಟ್ಕೊಂಡಿದೀನಿ, ಯಾಕಂದ್ರೆ ವಿಷಯ ಸ್ವಲ್ಪ ಉದ್ದ ಇದೆ.

ಒಂದು ಶನಿವಾರ, ಷಿಕಾಗೋ ಪಕ್ಕದ ನಮ್ಮೂರಿನ ಸೂಪರ್ ಮಾರ್ಕೆಟ್ಟಲ್ಲಿ ಬಿಲ್ ಹಾಕಿಸೋಕೆ ನಿಂತಿದ್ದೆ. ಮುಂದೆ ಒಬ್ಬ ಹೆಂಗಸು, ಐವತ್ತರ ಆಸುಪಾಸು. ಹಾಲು, ಮೊಟ್ಟೆ, ಬ್ರೆಡ್ಡು, ಜೊತೆಗೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಬೆ ಕಟ್ಟಿರೋ ಸುಟ್ಟ ಕೋಳಿ. ಕಾರ್ಡ್ ಉಜ್ಜಿದ್ರು. ಬೇರೆ ಎಲ್ಲದಕ್ಕೂ ದುಡ್ಡು ಹೋಯ್ತು, ಕೋಳಿಗೆ ಹೋಗ್ಲಿಲ್ಲ. ಕೌಂಟರಿನ ಹುಡುಗ ದನಿ ತಗ್ಗಿಸಿ ಹೇಳಿದ: ಬಿಸಿ ಊಟಕ್ಕೆ ಈ ಕಾರ್ಡು ನಡೆಯಲ್ಲ, ಹಿಂದ್ಗಡೆ ಫ್ರಿಜ್ಜಲ್ಲಿ ತಣ್ಣಗಾಗಿರೋ ಕೋಳಿ ಇದೆ, ಅದಕ್ಕೆ ನಡೆಯುತ್ತೆ. ಬಡವರು ಆಹಾರ ಕೊಳ್ಳೋಕೆ ಅಂತ ಸರ್ಕಾರ ದುಡ್ಡು ಹಾಕೋ ಕಾರ್ಡು ಅದು, ಫುಡ್ ಸ್ಟ್ಯಾಂಪ್ ಅಂತಾರೆ. ಹೌದು, ಅಮೆರಿಕದ ಫುಡ್ ಸ್ಟ್ಯಾಂಪ್ ಕಾನೂನು ಹಾಗೇ ಇದೆ. ಅದೇ ಕೋಳಿ ಬಿಸಿ ಇದ್ರೆ ಆಗಲ್ಲ, ಆರಿದ್ರೆ ಆಗುತ್ತೆ. ಆಕೆ ಡಬ್ಬಿ ಎತ್ಕೊಂಡು ಅಂಗಡಿಯ ಆ ತುದಿಗೆ ಹೋದ್ರು. ಕ್ಯೂ ಕಾಯ್ತು. ನನ್ನ ಹಿಂದೆ ನಿಂತೋರು ಎಲ್ಲರಿಗೂ ಕೇಳೋ ಹಾಗೆ ಉಸಿರು ಬಿಟ್ರು.

ಈ ಕತೆಯನ್ನ ನನ್ನೊಬ್ಬ ಸ್ನೇಹಿತನಿಗೆ ಹೇಳಿದೆ. ಹಾಸನದ ಕಡೆಯವನು, ಇಲ್ಲಿಗೆ ಬಂದು ಇಪ್ಪತ್ತು ವರ್ಷದ ಮೇಲಾಯ್ತು, ಒಳ್ಳೇ ಮನುಷ್ಯ. ಅವನು ಮೊದಲು ಕೇಳಿದ ಪ್ರಶ್ನೆ: "ಬ್ಲ್ಯಾಕಾ?" ಇಲ್ಲಪ್ಪ, ಬಿಳಿಯಾಕೆ ಅಂದೆ. "ಓ... ಪಾಪ," ಅಂದ.

ಆ "ಓ"ಗೂ "ಪಾಪ"ಕ್ಕೂ ನಡುವೆ ಒಂದು ಅರೆಗಳಿಗೆ ಇತ್ತಲ್ಲ, ಇವತ್ತಿನ ಮಾತೆಲ್ಲ ಅದರ ಬಗ್ಗೆನೇ.

2025ರ ನವೆಂಬರಲ್ಲಿ ಇಲ್ಲಿ ಬಜೆಟ್ ಪಾಸಾಗದೆ ಸರ್ಕಾರ ಬಾಗಿಲು ಹಾಕಿತ್ತು, ಶಟ್‌ಡೌನು. ಸುಮಾರು 4.2 ಕೋಟಿ ಜನರ ಫುಡ್ ಸ್ಟ್ಯಾಂಪ್ ದುಡ್ಡು ಒಂದನೇ ತಾರೀಕಿಂದ ಬರೋಕೆ ಶುರುವಾಗಬೇಕಿತ್ತು, ಆಗ್ಲಿಲ್ಲ. ತಲೆಗೆ ದಿನಕ್ಕೆ ಆರು ಡಾಲರ್ ಚಿಲ್ಲರೆ ಬೀಳೋ ದುಡ್ಡು ಅದು. ಆಗ ಫೋನಿಂದ ಫೋನಿಗೆ ಕೆಲವು ವಿಡಿಯೋ ಓಡಾಡಿದ್ವು. ಕಪ್ಪು ಹೆಂಗಸರು ಅಂಗಡಿಯಲ್ಲಿ ನಿಂತು ಕಿರುಚಾಡ್ತಿದಾರೆ, ದುಡ್ಡು ಬರದಿದ್ರೆ ಲೂಟಿ ಮಾಡ್ತೀವಿ ಅಂತಿದಾರೆ. ಎಐ ಹೆಣೆದ ಮುಖಗಳು. ಅಂಥಾ ಹೆಂಗಸರು ಇರಲೇ ಇಲ್ಲ. ಫಾಕ್ಸ್ ನ್ಯೂಸ್ ಜಾಲತಾಣವೇ ನಿಜ ಅಂತ ಸುದ್ದಿ ಹಾಕಿ, ಆಮೇಲೆ ತಿದ್ದಿಕೊಳ್ತು. ಇದೇ ಸ್ನೇಹಿತ ನನಗೂ ಒಂದು ಕಳಿಸಿದ್ದ. ಇದು ಸುಳ್ಳು ಕಣೋ ಅಂದೆ. ಅವನ ಉತ್ತರ ಇನ್ನೂ ನನ್ನ ವಾಟ್ಸಾಪಲ್ಲಿದೆ: "ಇರ್ಬಹುದು. ಆದ್ರೆ ಹೀಗೇ ಇರ್ತಾರಲ್ವಾ?"

ಫುಡ್ ಸ್ಟ್ಯಾಂಪ್ ತಗೊಳ್ಳೋರಲ್ಲಿ ದೊಡ್ಡ ಗುಂಪು ಬಿಳಿಯರದು. ಸರ್ಕಾರದ್ದೇ ಲೆಕ್ಕ, 2023ರದು: ಬಿಳಿಯರು 35 ಶೇಕಡಾ, ಕಪ್ಪು ಜನ 26 ಶೇಕಡಾದ ಹತ್ತಿರ. ಹಾಗಂತ ಅರ್ಧ ಲೆಕ್ಕ ಹೇಳಿ ನಾನು ಜಾರಿಕೊಳ್ಳಬಾರದು. ದೇಶದಲ್ಲಿ ಕಪ್ಪು ಜನ 13-14 ಶೇಕಡಾ ಅಷ್ಟೇ. ಅಂದ್ರೆ ಅವರ ಪಾಲು ಜನಸಂಖ್ಯೆಗಿಂತ ಜಾಸ್ತಿ ಇದೆ, ಯಾಕಂದ್ರೆ ಬಡತನವೇ ಅವರಲ್ಲಿ ಜಾಸ್ತಿ ಇದೆ. ಎರಡೂ ನಿಜ. ಇಲ್ಲಿ ಒಂದು ಪಕ್ಷದವರು ಮೊದಲನೇ ಸಾಲು ಓದ್ತಾರೆ, ಇನ್ನೊಂದು ಪಕ್ಷದವರು ಎರಡನೇ ಸಾಲು.

ಸರ್ಕಾರದ ದುಡ್ಡು ತಿನ್ನೋಳು ಅಂದ್ರೆ ಕಪ್ಪು ಹೆಂಗಸು ಅನ್ನೋ ಈ ಮುಖ ಎಲ್ಲಿಂದ ಬಂತು? ಒಂದು ಹುಟ್ಟೂರು ನಮ್ಮ ಷಿಕಾಗೋನೇ. 1974ರಲ್ಲಿ ಷಿಕಾಗೋ ಟ್ರಿಬ್ಯೂನ್ ಪತ್ರಿಕೆ ಲಿಂಡಾ ಟೇಲರ್ ಅನ್ನೋ ಹೆಂಗಸಿನ ಕತೆ ಬಯಲು ಮಾಡ್ತು. ಹತ್ತಾರು ಸುಳ್ಳು ಹೆಸರಲ್ಲಿ ವೆಲ್‌ಫೇರ್ ಚೆಕ್, ಅಂದ್ರೆ ಬಡವರಿಗೆ ಸರ್ಕಾರ ಕೊಡೋ ಸಹಾಯಧನ, ಎತ್ತುತ್ತಿದ್ಲು, ಕ್ಯಾಡಿಲಾಕ್ ಕಾರು ಓಡಿಸ್ತಿದ್ಲು. 1976ರಲ್ಲಿ ರಿಪಬ್ಲಿಕನ್ ಪಕ್ಷದ ರೊನಾಲ್ಡ್ ರೇಗನ್ ಅಧ್ಯಕ್ಷಗಿರಿಯ ಟಿಕೆಟ್ಟಿಗೆ ಓಡಾಡುವಾಗ ಊರೂರಲ್ಲಿ ಈ ಕತೆ ಹೇಳಿದ್ರು. ಷಿಕಾಗೋದಲ್ಲಿ ಒಬ್ಬಳಿದಾಳೆ, 80 ಹೆಸರು, 30 ವಿಳಾಸ, ತೆರಿಗೆ ಇಲ್ಲದೆ ವರ್ಷಕ್ಕೆ ಒಂದೂವರೆ ಲಕ್ಷ ಡಾಲರ್ ಆದಾಯ. ಅವಳ ಹೆಸರೂ ಹೇಳ್ತಿರಲಿಲ್ಲ, ಬಣ್ಣವನ್ನೂ ಹೇಳ್ತಿರಲಿಲ್ಲ. ಹೇಳೋ ಅಗತ್ಯ ಇರಲಿಲ್ಲ, ಕೇಳಿದೋರು ತಾವೇ ತುಂಬಿಕೊಂಡ್ರು. 1977ರಲ್ಲಿ ಕೋರ್ಟು ಶಿಕ್ಷೆ ಕೊಟ್ಟಿದ್ದು ಸುಮಾರು 8,000 ಡಾಲರ್ ಕದ್ದಿದ್ದಕ್ಕೆ ಮತ್ತು ಸುಳ್ಳು ಸಾಕ್ಷಿಗೆ.

ಕದ್ದಿದ್ದು ನಿಜ, ಅದರಲ್ಲಿ ವಾದವಿಲ್ಲ. ಆದ್ರೆ ಆಕೆ ಮೇಲೆ ಇನ್ನೂ ಘೋರ ಅನುಮಾನಗಳಿದ್ವು, ಮಕ್ಕಳ ಅಪಹರಣ, ಒಂದು ಅನುಮಾನಾಸ್ಪದ ಸಾವು. ಅದರ ಬೆನ್ನು ಹತ್ತೋಕೆ ಯಾರಿಗೂ ಅಂಥಾ ಆಸಕ್ತಿ ಇರಲಿಲ್ಲ, ಎಲ್ಲರಿಗೂ ಬೇಕಾಗಿದ್ದು ಚೆಕ್ಕಿನ ಕತೆ. ಇನ್ನೊಂದು ವಿಚಿತ್ರ ಕೇಳಿ: ಆಕೆ ಚಿಕ್ಕವಳಿದ್ದಾಗಿನ ಜನಗಣತಿಯಲ್ಲಿ ಆ ಮನೆಯವರನ್ನ ಬಿಳಿಯರು ಅಂತ ಬರೆದಿದೆ.

ಇನ್ನೂ ಸ್ವಲ್ಪ ಹಿಂದಕ್ಕೆ ಹೋಗೋಣ. 1935ರಲ್ಲಿ ರೂಸ್‌ವೆಲ್ಟ್ ಕಾಲದ ಸೋಷಿಯಲ್ ಸೆಕ್ಯುರಿಟಿ ಕಾನೂನು ಬಂದಾಗ ವೃದ್ಧಾಪ್ಯದ ಪಿಂಚಣಿಯಿಂದ ಎರಡು ಕೆಲಸಗಳನ್ನ ಹೊರಗಿಟ್ರು. ಹೊಲದ ಕೂಲಿ, ಮನೆಗೆಲಸ. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನಕ್ಕೆ ಸಿಗ್ತಿದ್ದ ಕೆಲಸವೇ ಬಹುಪಾಲು ಅವೆರಡು. ವಿಧವೆಯರಿಗೆ, ಮಕ್ಕಳಿಗೆ ಅಂತ ಇದ್ದ ಸಹಾಯಧನ ಕೊನೆಗೂ ಕಪ್ಪು ತಾಯಂದಿರ ಕೈಗೆ ತಲುಪೋಕೆ ಶುರುವಾದಾಗ ನಿಯಮಗಳು ಬಿಗಿಯಾದ್ವು. ಅಲಬಾಮಾದಲ್ಲಿ ಒಂದು ನಿಯಮ ಇತ್ತು: ಮನೆಗೆ ಗಂಡಸು ಬಂದು ಹೋಗ್ತಿದ್ರೆ ಅವನೇ ಮಕ್ಕಳಿಗೆ ಬದಲಿ ತಂದೆ, ಸಹಾಯ ಬಂದ್. ಹಲವು ಊರುಗಳಲ್ಲಿ ಅಧಿಕಾರಿಗಳು ನಡುರಾತ್ರಿ ಬಾಗಿಲು ತಟ್ಟಿ, ಗಂಡಸಿನ ಶೂ, ಅಂಗಿ ಏನಾದ್ರೂ ಇದೆಯಾ ಅಂತ ಬೀರು ತೆಗೆದು ನೋಡ್ತಿದ್ರು.

ಅದೇ ಅಲಬಾಮಾದ ಸೆಲ್ಮಾ ಊರಿನ ಮಿಸೆಸ್ ಸ್ಮಿತ್ ಅಂತ ಒಬ್ಬರು, ಕಪ್ಪು ವಿಧವೆ, ನಾಲ್ಕು ಮಕ್ಕಳು. ಬೆಳಗಿನ ಜಾವ ಮೂರೂವರೆಗೆ ಎದ್ದು ಹೋಗಿ ಮಧ್ಯಾಹ್ನ ಹನ್ನೆರಡರ ತನಕ ಹೋಟೆಲಲ್ಲಿ ಅಡುಗೆ, ಸಪ್ಲೈ. ವಾರಕ್ಕೆ 16ರಿಂದ 20 ಡಾಲರ್ ಸಂಬಳ. ವಾರಾಂತ್ಯದಲ್ಲಿ ಮನೆಗೆ ಬರ್ತಿದ್ದ ಗೆಳೆಯನಿಗೆ ತನ್ನವೇ ಒಂಬತ್ತು ಮಕ್ಕಳು. ಅವನು ಇವರ ಮಕ್ಕಳಿಗೆ ತಂದೆ ಅಂತ ಹೇಳಿ ದುಡ್ಡು ನಿಲ್ಲಿಸಿದ್ರು. ಆಕೆ ಸುಪ್ರೀಂ ಕೋರ್ಟ್ ತನಕ ಹೋದ್ರು. 1968ರಲ್ಲಿ ಒಂಬತ್ತೂ ನ್ಯಾಯಮೂರ್ತಿಗಳು ಆಕೆ ಪರ ನಿಂತ್ರು. ಸೋಮಾರಿ ಅಂತ ಕರೆಸಿಕೊಳ್ಳೋ ಮುಖದ ಹಿಂದೆ ಮೂರೂವರೆಗೆ ಏಳೋ ಹೆಂಗಸು. ನಾನಂತೂ ಬ್ಯಾಚುಲರ್ ಆಗಿದ್ದಾಗಲೂ ಏಳೂವರೆಗೆ ಮುಂಚೆ ಎದ್ದವನಲ್ಲ.

ಇದನ್ನೆಲ್ಲ ರಿಪಬ್ಲಿಕನ್ನರ ತಲೆಗೇ ಕಟ್ಟೋಕಾಗಲ್ಲ. 1996ರ ಆಗಸ್ಟಲ್ಲಿ ಹಳೇ ವೆಲ್‌ಫೇರಿಗೆ ಬಾಗಿಲು ಹಾಕಿ ಸಹಿ ಮಾಡಿದವರು ಡೆಮಾಕ್ರಟ್ ಬಿಲ್ ಕ್ಲಿಂಟನ್. ಕೆಲಸ ಮಾಡಿದ್ರೆ ಮಾತ್ರ ದುಡ್ಡು, ಅದೂ ಜೀವಮಾನದಲ್ಲಿ ಐದು ವರ್ಷ. ಮೊದಲ ಕೆಲವು ವರ್ಷ ಒಂಟಿ ತಾಯಂದಿರು ದೊಡ್ಡ ಸಂಖ್ಯೆಯಲ್ಲಿ ಕೆಲಸಕ್ಕೆ ಹೋದ್ರು, ಮಕ್ಕಳ ಬಡತನವೂ ಇಳೀತು. ಆಗ ಆರ್ಥಿಕತೆ ಕುದುರೆ ಹಾಗೆ ಓಡ್ತಿತ್ತು ಅನ್ನೋದನ್ನ ಮರೀಬೇಡಿ, ಆದ್ರೂ ಆ ಕಾನೂನು ಪೂರ್ತಿ ಕ್ರೌರ್ಯ ಅನ್ನೋರ ಜೊತೆ ನಾನಿಲ್ಲ. ಕೆಲಸದಿಂದ ಮನುಷ್ಯನಿಗೆ ಒಂದು ಕಸುವು ಬರುತ್ತೆ, ನಿಜ.

ಆದ್ರೆ ಅದೇ ಕಾನೂನಿನೊಳಗೆ ಒಂದು ಕಲಮು ಸೇರಿಸಿದ್ರು ನೋಡಿ. ಮಾದಕ ವಸ್ತುವಿನ ಗಂಭೀರ ಕೇಸಲ್ಲಿ ಶಿಕ್ಷೆಯಾದವರಿಗೆ ಫುಡ್ ಸ್ಟ್ಯಾಂಪೂ ಇಲ್ಲ, ಸಹಾಯಧನವೂ ಇಲ್ಲ, ಸಾಯೋ ತನಕ. ಕೊಲೆ ಮಾಡಿ ಜೈಲಿಂದ ಬಂದವನಿಗೆ ಈ ನಿಷೇಧ ಅನ್ವಯಿಸಲ್ಲ! ಗಾಂಜಾ, ಕ್ರ್ಯಾಕ್ (ಸೇದೋ ಕೊಕೇನ್) ಥರದ ಕೇಸಿನವರಿಗೆ ಮಾತ್ರ. ಸೆನೆಟ್ಟಲ್ಲಿ ಇದರ ಮೇಲೆ ನಡೆದ ಚರ್ಚೆ ಎಷ್ಟು ಹೊತ್ತು ಗೊತ್ತಾ? ಒಂದೊಂದು ಕಡೆಗೆ ಎರಡೆರಡು ನಿಮಿಷ. ಆಗ ಕ್ರ್ಯಾಕ್ ಕೇಸುಗಳಲ್ಲಿ ಜೈಲಿಗೆ ಹೋಗ್ತಿದ್ದವರು ಬಹುಪಾಲು ಕಪ್ಪು ಜನ. 1986ರ ಕಾನೂನಿನಂತೆ 5 ಗ್ರಾಂ ಕ್ರ್ಯಾಕಿಗೂ 500 ಗ್ರಾಂ ಕೊಕೇನ್ ಪುಡಿಗೂ ಒಂದೇ ಶಿಕ್ಷೆ, ಕನಿಷ್ಠ ಐದು ವರ್ಷ. ಬಡತನ, ಬಣ್ಣ, ಅಪರಾಧ, ಸಹಾಯಧನ, ನಾಲ್ಕನ್ನೂ ಒಂದೇ ಗಂಟಲ್ಲಿ ಕಟ್ಟಿದ್ದು ನಾಲ್ಕು ನಿಮಿಷದಲ್ಲಿ. ಬಹುತೇಕ ರಾಜ್ಯಗಳು ಆಮೇಲೆ ಒಂದೊಂದಾಗಿ ಈ ನಿಷೇಧ ಸಡಿಲಿಸಿವೆ.

ಈಗ ಮಿಸಿಸಿಪ್ಪಿಗೆ ಬನ್ನಿ. ದೇಶದ ಅತಿ ಬಡ ರಾಜ್ಯ. ಅಲ್ಲಿ ಮೂರು ಜನರ ಕುಟುಂಬಕ್ಕೆ 2021ರ ತನಕ ತಿಂಗಳಿಗೆ ಹೆಚ್ಚೆಂದ್ರೆ 170 ಡಾಲರ್ ಸಹಾಯಧನ. ಅದನ್ನ ಪಡೆಯೋಕೆ ಅರ್ಜಿ ಮೇಲೆ ಅರ್ಜಿ, ತನಿಖೆ ಮೇಲೆ ತನಿಖೆ. ಬಡವರ ಕೈಗೆ ಕೊಡದೆ ಉಳಿದ ದುಡ್ಡು ಏನಾಯ್ತು? 2020ರಲ್ಲಿ ಅದೇ ರಾಜ್ಯದ ಆಡಿಟರು, ಅವರೂ ರಿಪಬ್ಲಿಕನ್ನರೇ, ಕಡತ ಬಿಚ್ಚಿದ್ರು. ಕನಿಷ್ಠ 7.7 ಕೋಟಿ ಡಾಲರ್ ದಿಕ್ಕಾಪಾಲು. ಅದರಲ್ಲಿ 50 ಲಕ್ಷ ಡಾಲರ್ ವಿಶ್ವವಿದ್ಯಾಲಯವೊಂದರ ವಾಲಿಬಾಲ್ ಕ್ರೀಡಾಂಗಣಕ್ಕೆ ಹೋಗಿತ್ತು. ಕಟ್ಟಡ ಕಟ್ಟೋಕೆ ಈ ದುಡ್ಡು ಬಳಸೋ ಹಾಗಿಲ್ಲ, ಹಾಗಾಗಿ ಕಾಗದದಲ್ಲಿ ಬಾಡಿಗೆ ಅಂತ ತೋರಿಸಿದ್ರು. ಆ ಕ್ರೀಡಾಂಗಣಕ್ಕಾಗಿ ಓಡಾಡಿದವರು ಅಮೆರಿಕನ್ ಫುಟ್‌ಬಾಲ್ ತಾರೆ ಬ್ರೆಟ್ ಫಾವ್ರ್. ಅವರ ಮಗಳು ಅಲ್ಲಿ ವಾಲಿಬಾಲ್ ಆಡ್ತಿದ್ಲು. ಅವರಿಗೇ ಬೇರೆಯಾಗಿ 11 ಲಕ್ಷ ಡಾಲರ್ ಸಂದಾಯ ಆಗಿತ್ತು, ಕೊಡದ ಭಾಷಣಗಳಿಗೆ ಅಂತ ಆಡಿಟರ್ ವರದಿ. ಅದನ್ನ ವಾಪಸ್ ಕಟ್ಟಿದ್ರು, ಬಡವರ ದುಡ್ಡು ಅಂತ ಗೊತ್ತಿರಲಿಲ್ಲ ಅಂದ್ರು. ಅವರ ಮೇಲೆ ಕ್ರಿಮಿನಲ್ ಕೇಸ್ ಆಗ್ಲಿಲ್ಲ. ಇಲಾಖೆಯ ಮುಖ್ಯಸ್ಥ, ಹಣ ಸಾಗಿಸಿದ ಸಂಸ್ಥೆಯಾಕೆ ತಪ್ಪೊಪ್ಪಿಕೊಂಡ್ರು.

ನನ್ನ ಸಿಟ್ಟು ಇರೋದು ಇಲ್ಲಿ. 170 ಡಾಲರ್ ಕೇಳೋಳ ಬೀರು ತೆಗೆದು ನೋಡೋ ವ್ಯವಸ್ಥೆಗೆ 50 ಲಕ್ಷ ದಾಟಿ ಹೋಗಿದ್ದು ಕಾಣಲಿಲ್ಲ. ಕಾವಲುಗಾರನ ಕಣ್ಣಲ್ಲಿ ಒಂದು ಮುಖ ಕೂತಿತ್ತು, ಕದ್ದೋರು ಆ ಮುಖದವರಲ್ಲ. ಆಮೇಲೂ ಯಾರೂ "ಈ ಬಿಳಿಯರೇ ಹೀಗೆ" ಅನ್ನಲಿಲ್ಲ. ಅನ್ನಲೂಬಾರದು.

ಅನ್ನಬಾರದು ಅನ್ನೋ ಈ ನ್ಯಾಯ ಮಿನ್ನೆಸೋಟಾಗೆ ಬರುವಾಗ ಕಳೆದುಹೋಗುತ್ತೆ. ಕೋವಿಡ್ ಕಾಲದಲ್ಲಿ ಮಕ್ಕಳ ಊಟಕ್ಕೆ ಅಂತ ಬಂದ ಕೇಂದ್ರದ ದುಡ್ಡು, 25 ಕೋಟಿ ಡಾಲರ್, ಬಡಿಸದ ಊಟದ ಸುಳ್ಳು ಲೆಕ್ಕ ಬರೆದು ನುಂಗಿದ್ರು. ಫೀಡಿಂಗ್ ಅವರ್ ಫ್ಯೂಚರ್ ಅನ್ನೋ ಸಂಸ್ಥೆ. 2022ರಲ್ಲಿ ಮೊದಲ ಕಂತಲ್ಲೇ 47 ಜನರ ಮೇಲೆ ಕೇಸು. ಆರೋಪಿಗಳಲ್ಲಿ ಹೆಚ್ಚಿನವರು ಸೊಮಾಲಿ ಮೂಲದವರು. ಸಂಸ್ಥೆ ಸ್ಥಾಪಿಸಿದ, 2025ರಲ್ಲಿ ಅಪರಾಧಿ ಅಂತ ಸಾಬೀತಾದ ಏಮಿ ಬಾಕ್ ಬಿಳಿಯಾಕೆ. 2024ರ ಒಂದು ವಿಚಾರಣೆ ನಡುವೆ ತೀರ್ಪು ಕೊಡೋ ಜ್ಯೂರಿಯ ಒಬ್ಬ ಸದಸ್ಯರ ಮನೆಗೆ ರಾತ್ರಿ ಗಿಫ್ಟ್ ಬ್ಯಾಗಲ್ಲಿ 1,20,000 ಡಾಲರ್ ನಗದು ಕಳಿಸಿದ್ರು! ನಮ್ಮೂರ ರಾಜಕಾರಣಿಗಳೂ ಬೆರಗಾಗೋ ಧೈರ್ಯ.

ಅದರ ಬೆನ್ನಿಗೆ, 2025ರ ಡಿಸೆಂಬರಲ್ಲಿ ಟ್ರಂಪ್ ಸೊಮಾಲಿ ಜನರನ್ನ ಕಸ ಅಂತ ಕರೆದ್ರು. ಇಡೀ ಸಮುದಾಯವನ್ನ. ಇದು ಒಂದು ಕಡೆ. ಇನ್ನೊಂದು ಕಡೆಯ ತಪ್ಪನ್ನೂ ಹೇಳಬೇಕು, ನನ್ನ ಪ್ರಗತಿಪರ ಮಿತ್ರರು ಮುಖ ಸಿಂಡರಿಸಿದ್ರೂ ಸರಿ. ರಾಜ್ಯದ ಶಿಕ್ಷಣ ಇಲಾಖೆಗೆ ಮೊದಲೇ ಅನುಮಾನ ಬಂದಿತ್ತು. ಅರ್ಜಿಗಳನ್ನ ತಡೆದಾಗ ಆ ಸಂಸ್ಥೆ ಜನಾಂಗೀಯ ತಾರತಮ್ಯ ಅಂತ 2020ರಲ್ಲಿ ಕೋರ್ಟಿಗೆ ಹೋಯ್ತು. ಇಲಾಖೆಯ ಮೇಲ್ವಿಚಾರಣೆ ಸಾಲದಾಗಿತ್ತು, ಅದೇ ಕಳ್ಳತನಕ್ಕೆ ದಾರಿಯಾಯ್ತು ಅಂತ 2024ರಲ್ಲಿ ಶಾಸಕಾಂಗದ ಆಡಿಟರ್ ವರದಿ ಕೊಟ್ರು. ಜನಾಂಗ ಅನ್ನೋ ಮಾತು ಕಳ್ಳರಿಗೆ ಗುರಾಣಿಯಾಯ್ತು. ಅದಕ್ಕೆ ದಂಡ ತೆತ್ತವರು ಊಟ ಸಿಗದ ಮಕ್ಕಳು, ಮತ್ತೆ ಇವತ್ತು ಬೀದಿಯಲ್ಲಿ ಬೈಸಿಕೊಳ್ತಿರೋ ಸೊಮಾಲಿ ಟ್ಯಾಕ್ಸಿ ಡ್ರೈವರು.

ಊರಿನ ಫ್ಯಾಮಿಲಿ ಗ್ರೂಪಲ್ಲಿ ಶಕ್ತಿ ಯೋಜನೆ, ಗೃಹಲಕ್ಷ್ಮಿ ಬಗ್ಗೆ ದಿನಾ ಜಗಳ. ಅಲ್ಲಿಯ ಬಿಟ್ಟಿಭಾಗ್ಯದ ವಾದಕ್ಕೆ ಅದರದೇ ಮುಖಗಳಿವೆ, ಅದು ಇನ್ನೊಂದು ದಿನಕ್ಕಿರಲಿ. ಆದ್ರೆ ಇಲ್ಲಿರೋ ನಮ್ಮವರ ಬಗ್ಗೆ ಸ್ವಲ್ಪ ಹೇಳಲೇಬೇಕು. "ನಮ್ಮ ಟ್ಯಾಕ್ಸ್ ದುಡ್ಡು" ಅಂತ ನಮ್ಮಷ್ಟು ಜೋರಾಗಿ ಹೇಳೋರು ಕಮ್ಮಿ. 2020-21ರಲ್ಲಿ, ಕೋವಿಡ್ ಕಾಲದಲ್ಲಿ, ಪಿಪಿಪಿ (ಪೇಚೆಕ್ ಪ್ರೊಟೆಕ್ಷನ್ ಪ್ರೋಗ್ರಾಂ) ಸಾಲ ಅಂತ ಸುಮಾರು 80,000 ಕೋಟಿ ಡಾಲರ್ ಹಂಚಿದ್ರಲ್ಲ, ವ್ಯಾಪಾರ ಉಳಿಸೋಕೆ. ಬಹುಪಾಲು ಮನ್ನಾ ಆಯ್ತು. ಅದರಲ್ಲಿ 6,400 ಕೋಟಿ ಡಾಲರ್ ವಂಚನೆ ಇರಬಹುದು ಅಂತ ಸರ್ಕಾರದ್ದೇ ತನಿಖಾಧಿಕಾರಿಗಳ ಅಂದಾಜು. ನಮ್ಮವರ ಮೋಟೆಲ್ಲು, ಪೆಟ್ರೋಲ್ ಬಂಕು, ಕನ್ಸಲ್ಟಿಂಗ್ ಕಂಪನಿಗಳೂ ಆ ಸಾಲ ತಗೊಂಡ್ವು, ಕಾನೂನುಬದ್ಧವಾಗೇ. ಯಾರೂ ಯಾರ ಬೀರೂ ತೆಗೆದು ನೋಡ್ಲಿಲ್ಲ. ಇನ್ನು ಅಪ್ಪ-ಅಮ್ಮನಿಗೆ ಗ್ರೀನ್ ಕಾರ್ಡ್ ಮಾಡಿಸಿ, ಐದು ವರ್ಷ ತುಂಬಿದ ಕೂಡಲೇ ಮೆಡಿಕೇಡ್, ಅಂದ್ರೆ ಬಡವರಿಗಿರೋ ಸರ್ಕಾರಿ ಆರೋಗ್ಯ ವಿಮೆಯ ಫಾರ್ಮ್ ತುಂಬೋ ಮನೆಗಳು ನನಗೂ ಗೊತ್ತು, ನಿಮಗೂ ಗೊತ್ತು. ಅದು ತಪ್ಪಲ್ಲ. ವಯಸ್ಸಾದವರಿಗೆ ಔಷಧ ಬೇಕು. ಅದಕ್ಕೆ ನಾವು ಇಟ್ಕೊಂಡಿರೋ ಹೆಸರು "ಬೆನಿಫಿಟ್". ಬೇರೆಯವರದು ವೆಲ್‌ಫೇರು.

ಮೊನ್ನೆ ಹಾಸನದ ಗೆಳೆಯನ ಮನೆಗೆ ಊಟಕ್ಕೆ ಹೋಗಿದ್ದೆ. ಅವನ ಕಂಪನಿಗೂ ಆ ಸಾಲ ಬಂದಿತ್ತು, ಮನ್ನಾನೂ ಆಗಿತ್ತು. ಅದನ್ನ ಎತ್ತಿದೆ. "ಅದು ಬೇರೆ ಕಣೋ," ಅಂದ, "ಅದು ಬಿಸಿನೆಸ್ಸು. ನನ್ನ ಹತ್ರ ಆರು ಜನ ಕೆಲಸಕ್ಕಿದ್ರು." ಅವನು ಹೇಳಿದ್ದು ಸುಳ್ಳಲ್ಲ. ಆ ಆರು ಜನರ ಸಂಬಳ ಅವನು ನಿಲ್ಲಿಸಿರಲಿಲ್ಲ. ನಾನು ಸುಮ್ಮನಾದೆ. ಅವನ ಹೆಂಡತಿ ಮಾವಿನಕಾಯಿ ಚಿತ್ರಾನ್ನ ಬಡಿಸ್ತಿದ್ರು. ಸ್ವಲ್ಪ ಹೊತ್ತಾದ ಮೇಲೆ, ಎಲ್ಲೋ ನೋಡ್ತಾ ಅವನೇ ಕೇಳಿದ:

"ಆ ಹೆಂಗಸಿಗೆ ಕೊನೆಗೆ ಕೋಳಿ ಸಿಕ್ತೇನೋ?"

ಸಿಕ್ತು ಅಂದೆ. ತಣ್ಣಗಿತ್ತು.

"ಮನೇಲಿ ಬಿಸಿ ಮಾಡ್ಕೋತಾಳೆ ಬಿಡು," ಅಂದ.