ಸಾಸ್‌ಗೆ ಅಂತ ಎರಡು ಚೂರು ಬ್ರೆಡ್

ಅಮ್ಮ ಬ್ರೆಡ್ ಚೂರು ಮುರಿದಳು. ತಟ್ಟೆಯಲ್ಲಿ ಉಳಿದಿದ್ದ ಸಾಸನ್ನು ಸುತ್ತಲೂ ಬಳಿದುಕೊಂಡು ಬಾಯಿಗೆ ಹಾಕಿಕೊಂಡಳು. ಅಕ್ಕಿ ರೊಟ್ಟಿ ತುಂಡಲ್ಲಿ ಚಟ್ನಿ ಬಳಿದುಕೊಳ್ಳುತ್ತೀವಲ್ಲ, ಥೇಟ್ ಹಾಗೇ. ನಾನು ಸುತ್ತ ನೋಡಿದೆ. ಯಾರಾದರೂ ಏನಾದರೂ ಅಂದುಕೊಳ್ಳುತ್ತಾರೇನೋ ಅನ್ನುವ ಆತಂಕ. ಏಕೆಂದರೆ ನಾವು ಕೂತಿದ್ದದ್ದು ಫ್ರೆಂಚ್ ಫೈನ್ ಡೈನಿಂಗ್ ಜಾಗದಲ್ಲಿ.

ಬಡಿಸುತ್ತಿದ್ದ ಹೆಂಗಸು ಅದನ್ನು ನೋಡಿದರು. ಒಳಗೆ ಹೋಗಿ ಇನ್ನೆರಡು ಚೂರು ಬಿಸಿ ಬ್ರೆಡ್ ತಂದು ಅಮ್ಮನ ಎಡಗಡೆ ಇಟ್ಟರು. "ಸಾಸ್‌ಗೆ" ಅಂದರು. ಅಷ್ಟೇ. ಮುಂದಿನ ಟೇಬಲ್‌ಗೆ ಹೋದರು.

ನಮಸ್ಕಾರ. ಇವತ್ತು ನಾನು ಮಾತಾಡಬೇಕು ಅಂತ ಕೂತಿರುವುದು ಇಂಥ ಜಾಗಗಳ ಬಗ್ಗೆ. ಗಂಡ ಒಲೆ ಮುಂದೆ, ಹೆಂಡತಿ ಟೇಬಲ್ ಮುಂದೆ. ಇಪ್ಪತ್ತು ಕುರ್ಚಿ, ಒಂದೇ ಮೆನು. ಊಟ ಮಾತ್ರ ಎಲ್ಲಿಯೂ ಒಂದು ಕೂದಲೆಳೆಯಷ್ಟು ತಪ್ಪಿರುವುದಿಲ್ಲ. ಒಳ್ಳೆಯ ಊಟ ಅಂದರೆ ಬಿಗಿಯಾಗಿ ಕೂತು ಉಣ್ಣಬೇಕು ಅಂತ ನಮಗೆ ಯಾರೋ ಕಲಿಸಿಬಿಟ್ಟಿದ್ದಾರೆ. ಅದು ಸುಳ್ಳು ಅಂತ ನನಗೆ ಗೊತ್ತಾಗಿದ್ದು ಇಂಥ ಕಡೆ ಉಂಡ ಮೇಲೆ.

ಜಾಗ ಯಾವುದು ಅಂತ ಹೇಳಿಬಿಡುತ್ತೇನೆ. ಫ್ರಾನ್ಸ್‌ನ ಲಿಯೋನ್ ನಗರ. ಕೆಲಸದ ಮೇಲೆ ಬಂದು ಇಲ್ಲೇ ಇದ್ದೇನೆ. ಊರಿನ ಉತ್ತರಕ್ಕೆ ಕ್ರ್ವಾ-ರೂಸ್ ಅಂತ ಒಂದು ಗುಡ್ಡ. ರೇಷ್ಮೆ ನೇಕಾರರ ಗುಡ್ಡ ಅದು. ಅಲ್ಲಿನ ಹಳೆಯ ಮನೆಗಳ ಸೂರು ಸುಮಾರು 4 ಮೀಟರ್ ಎತ್ತರ. ದೊಡ್ಡ ಮಗ್ಗ ನಿಲ್ಲಿಸಬೇಕಿತ್ತಲ್ಲ, ಅದಕ್ಕೆ. ಬಟ್ಟೆಯಲ್ಲಿ ಚಿತ್ತಾರ ನೇಯಲು ಮಗ್ಗಕ್ಕೆ ಕೂರಿಸುವ ಯಂತ್ರಕ್ಕೆ ನಮ್ಮ ನೇಕಾರರು ಜಕಾರ್ಡ್ ಅನ್ನುತ್ತಾರಲ್ಲ, ಆ ಜಕಾರ್ಡ್ ಹುಟ್ಟಿದ ಊರೇ ಇದು. ಅಂಥದ್ದೊಂದು ಹಳೆಯ ಕಟ್ಟಡದ ಕೆಳಮನೆಯಲ್ಲಿ ಈ ಗಂಡ ಹೆಂಡತಿಯ ರೆಸ್ಟೋರೆಂಟ್. ಹೆಸರು ಹೇಳುವುದಿಲ್ಲ. ಇರುವುದೇ ಇಪ್ಪತ್ತು ಕುರ್ಚಿ, ಅವರು ನೆಮ್ಮದಿಯಾಗಿರಲಿ.

ಅಕ್ಟೋಬರ್ ತಿಂಗಳು. ಹಾಸನದಿಂದ ಅಮ್ಮ ಬಂದಿದ್ದಳು. ಅಮ್ಮನೂ ನಾನೂ ಮಾಂಸ, ಮೀನು, ಮೊಟ್ಟೆ ಏನೂ ತಿನ್ನುವುದಿಲ್ಲ. ಫ್ರೆಂಚ್ ಅಡುಗೆಯಲ್ಲಿ ಇದು ಸಣ್ಣ ವಿಷಯ ಅಲ್ಲ. ತರಕಾರಿ ಅಂತ ತಂದಿಟ್ಟರೂ ಸಾಸ್ ಒಳಗೆ ಕರುವಿನ ಮೂಳೆ ಕುದಿಸಿದ ಸ್ಟಾಕ್ ಇರಬಹುದು. ಫೋನ್ ಮಾಡಿ ಟೇಬಲ್ ಕೇಳಿದಾಗ ಆಕೆಯೇ ಎತ್ತಿದರು. "ಬೆಣ್ಣೆ ಆಗುತ್ತಾ? ಕ್ರೀಮ್ ಆಗುತ್ತಾ? ಬೆಳ್ಳುಳ್ಳಿ?" ಅಂತ ಒಂದೊಂದಾಗಿ ಕೇಳಿದರು. ನಡುವೆ "ಒಂದು ನಿಮಿಷ" ಅಂತ ಗಂಡನ ಕಡೆ ತಿರುಗಿ ಏನೋ ಕೇಳಿದ್ದು ಫೋನಿನಲ್ಲೇ ಕೇಳಿಸಿತು. ಉತ್ತರ ಆಗಲೇ ಬಂತು.

ಇನ್ನೊಂದು ಅನುಭವ ಹೇಳುತ್ತೇನೆ, ಪಕ್ಕದಲ್ಲಿಟ್ಟು ನೋಡಿ. ಕೆಲವು ವರ್ಷದ ಹಿಂದೆ ನಮ್ಮ ಮದುವೆ ದಿನಕ್ಕೆ ಅಂತ ಪ್ಯಾರಿಸ್‌ನ ಒಂದು ದೊಡ್ಡ ರೆಸ್ಟೋರೆಂಟ್‌ಗೆ ಹೋಗಿದ್ದೆವು. ನನ್ನ ಕೈಚೀಲಕ್ಕೂ ಒಂದು ಪುಟ್ಟ ಸ್ಟೂಲ್ ತಂದಿಟ್ಟರು. ನನಗೆ ಕೊಟ್ಟ ಮೆನುವಿನಲ್ಲಿ ಬೆಲೆಯೇ ಇರಲಿಲ್ಲ. ಗಂಡನ ಕೈಯಲ್ಲಿದ್ದದ್ದರಲ್ಲಿ ಮಾತ್ರ ಇತ್ತು. ಹೆಂಗಸರು ಬೆಲೆ ನೋಡಬಾರದು ಅನ್ನುವ ಹಳೆಯ ಪದ್ಧತಿ ಅದು. ಅವತ್ತು ದುಡ್ಡು ಕೊಡುವವಳು ನಾನು! ಮಾಂಸ ತಿನ್ನುವುದಿಲ್ಲ ಅಂತ ಮೊದಲೇ ಬರೆದು ತಿಳಿಸಿದ್ದೆ. ಆದರೂ ವೇಟರ್‌ಗೆ ಗೊತ್ತಿರಲಿಲ್ಲ. ಅವನು ಇನ್ನೊಬ್ಬನನ್ನು ಕೇಳಿದ, ಅವನು ಮತ್ತೊಬ್ಬನನ್ನು. ಕೊನೆಗೆ ಬೆಳ್ಳಿ ಮುಚ್ಚಳ ತೆಗೆದು ನೋಡಿದರೆ ಬೇಯಿಸಿದ ಬೀನ್ಸು, ಕ್ಯಾರೆಟ್ಟು. ಅವತ್ತು ನನಗೆ ತುಂಬಾ ಬೇಜಾರಾಯಿತು. ದುಡ್ಡು ಹೋದದ್ದಕ್ಕಲ್ಲ. ಹನ್ನೆರಡು ಜನ ನಮ್ಮ ಸುತ್ತ ಓಡಾಡಿದರು, ಒಬ್ಬರೂ ನಮ್ಮನ್ನು ನೋಡಲಿಲ್ಲ.

ಈ ಬಿಗಿತ ಎಲ್ಲಿಂದ ಬಂತು ಅಂತ ಆಮೇಲೆ ಯೋಚಿಸಿದೆ. ಒಗ್ಯುಸ್ತ್ ಎಸ್ಕೊಫಿಯೆ ಅನ್ನುವ ಬಾಣಸಿಗನ ಹೆಸರು ಕೇಳಿರುತ್ತೀರಿ. ಫ್ರಾನ್ಸ್‌ಗೂ ಪ್ರಷ್ಯಾಗೂ ನಡೆದ 1870ರ ಯುದ್ಧದಲ್ಲಿ ಫ್ರೆಂಚ್ ಸೈನ್ಯಕ್ಕೆ ಅಡುಗೆ ಮಾಡಿದವನು. ಆಮೇಲೆ ಹೋಟೆಲ್ ನಡೆಸುವುದರಲ್ಲಿ ಹೆಸರಾದ ಸೆಸಾರ್ ರಿಟ್ಜ್ ಜೊತೆ ಲಂಡನ್ನಿನ ಸವಾಯ್ ಹೋಟೆಲ್ ಅಡುಗೆಮನೆ ನಡೆಸಿದವನು. ಸೈನ್ಯದ ಥರವೇ ಅಡುಗೆಮನೆಯನ್ನು ಪಾಲು ಮಾಡಿದ. ಸಾಸ್‌ಗೆ ಒಬ್ಬ, ಮೀನಿಗೆ ಒಬ್ಬ, ಸುಡುವುದಕ್ಕೆ ಒಬ್ಬ. ಅದನ್ನು ಬ್ರಿಗೇಡ್ ಅನ್ನುತ್ತಾರೆ. ದೊಡ್ಡ ಹೋಟೆಲಿನಲ್ಲಿ ನೂರಾರು ಜನಕ್ಕೆ ಒಂದೇ ಹೊತ್ತಿಗೆ ಬಿಸಿ ಊಟ ಹೋಗಬೇಕಲ್ಲ, ಅದಕ್ಕೆ ಆ ವ್ಯವಸ್ಥೆ ಬೇಕೇ ಬೇಕಿತ್ತು. ಹೊರಗೆ ಬಡಿಸುವವರಲ್ಲೂ ಹಾಗೇ ಮೆಟ್ಟಿಲು ಮೆಟ್ಟಿಲಾಗಿ ಹುದ್ದೆಗಳು. ಅಡುಗೆ ಮಾಡಿದವನಿಗೂ ಉಣ್ಣುವವರಿಗೂ ನಡುವೆ ಆರು ಜನ ಇದ್ದರೆ ನಿಯಮ ಇಲ್ಲದೆ ನಡೆಯುವುದಿಲ್ಲ. ಅದು ಸರಿಯೇ.

ಆದರೆ ನಡುವೆ ಯಾರೂ ಇಲ್ಲದಿದ್ದರೆ? ಅಡುಗೆಮನೆ ಕಿಟಕಿಯಲ್ಲಿ ಹೆಂಡತಿ ಒಮ್ಮೆ ತಲೆ ಆಡಿಸಿದರೆ ಗಂಡನಿಗೆ ಗೊತ್ತು, ಮೂರನೇ ಟೇಬಲ್ ನಿಧಾನ ಮಾಡುತ್ತಿದ್ದಾರೆ, ಮುಂದಿನ ತಟ್ಟೆ ಐದು ನಿಮಿಷ ತಡೆಯಬೇಕು ಅಂತ. ಅಲ್ಲಿ ಬಿಗಿತಕ್ಕೆ ಕೆಲಸವೇ ಇಲ್ಲ. ಬಿಗಿತ ಬೇರೆ, ಅಚ್ಚುಕಟ್ಟು ಬೇರೆ. ನಾವು ಎರಡನ್ನೂ ಒಂದೇ ಅಂತ ಕಲಸಿಬಿಟ್ಟಿದ್ದೇವೆ.

ರೆಸ್ಟೋರೆಂಟ್‌ಗಳನ್ನು ಅಳೆಯುವ ಮಿಶೆಲಿನ್ ಗೈಡ್‌ನ ಸ್ಟಾರ್ ಬಗ್ಗೆ ಎಲ್ಲರಿಗೂ ಗೊತ್ತು, ಮೂರು ಅಂದರೆ ಎಲ್ಲಕ್ಕಿಂತ ಮೇಲು. ಆದರೆ ಆ ಸ್ಟಾರ್ ಕೊಡುವುದು ತಟ್ಟೆಯಲ್ಲಿರುವುದಕ್ಕೆ ಮಾತ್ರ ಅಂತ ಅವರೇ ಹೇಳುತ್ತಾರೆ. ಪರದೆ, ಬೆಳ್ಳಿ, ಸೂಟು ಇವಕ್ಕಲ್ಲ. ಇದೇ ಲಿಯೋನ್‌ನಲ್ಲಿ ಎಜೆನಿ ಬ್ರಾಜಿಯೆ ಅನ್ನುವ ಹೆಂಗಸು ಇದ್ದರು. ಹಳ್ಳಿಯಿಂದ ಮನೆಗೆಲಸಕ್ಕೆ ಬಂದವರು. 1921ರಲ್ಲಿ ಇದೇ ಗುಡ್ಡದ ಬುಡದಲ್ಲಿ ಸಣ್ಣ ಊಟದ ಮನೆ ಶುರು ಮಾಡಿದರು. 1933ರ ಹೊತ್ತಿಗೆ ಅವರದು ಎರಡು ಜಾಗ ಆಗಿತ್ತು, ಎರಡಕ್ಕೂ ಮೂರು ಮೂರು ಸ್ಟಾರ್. ಒಟ್ಟು ಆರು! ಅವರು ಮಾಡುತ್ತಿದ್ದದ್ದು ಬೆರಳೆಣಿಕೆಯ ಅಡುಗೆ. ಅದನ್ನೇ ಮತ್ತೆ ಮತ್ತೆ, ಒಂದು ಚೂರೂ ಕೆಡದ ಹಾಗೆ.

ಆಮೇಲಿನ ಒಂದು ತಿರುವು ಪ್ಯಾರಿಸ್‌ನದ್ದು. ಈವ್ ಕಾಂಡೆಬೋರ್ಡ್ ಅನ್ನುವ ಬಾಣಸಿಗ ಕ್ರಿಯೋಂ ಎಂಬ ಅರಮನೆಯಂಥ ಹೋಟೆಲಿನಲ್ಲಿ ಕೆಲಸ ಮಾಡಿದವರು. 1992ರಲ್ಲಿ ಅದನ್ನು ಬಿಟ್ಟು, ನಗರದ ಅಂಚಿನಲ್ಲಿ ಲಾ ರೆಗಲಾದ್ ಅಂತ ಸಾದಾ ಜಾಗ ತೆರೆದರು. ಅರಮನೆಯ ಕೈರುಚಿ, ಬೀದಿಬದಿಯ ಕುರ್ಚಿ, ಕೈಗೆಟುಕುವ ಬೆಲೆ. ಜನ ಮುಗಿಬಿದ್ದರು. 2004ರಲ್ಲಿ ಸೆಬಾಸ್ಟಿಯನ್ ದೆಮೊರಾಂ ಎಂಬ ಪತ್ರಕರ್ತರು ಇದಕ್ಕೆ ಬಿಸ್ಟ್ರೊನಮಿ ಅಂತ ಹೆಸರಿಟ್ಟರು. ಬಿಸ್ಟ್ರೊ ಅಂದರೆ ಸಾದಾ ಊಟದ ಮನೆ, ಗ್ಯಾಸ್ಟ್ರೊನಮಿ ಅಂದರೆ ಉತ್ತಮ ಅಡುಗೆಯ ಕಲೆ, ಎರಡೂ ಸೇರಿದ ಪದ ಅದು. ಇವತ್ತು ಫ್ರಾನ್ಸ್‌ನಲ್ಲಿ ಗಂಡ ಹೆಂಡತಿ ಸೇರಿ ನಡೆಸುವ ಎಷ್ಟೋ ಜಾಗಗಳು ಇದೇ ದಾರಿಯವು.

ಸರಿ, ನಮ್ಮ ಊಟಕ್ಕೆ ಬರೋಣ.

ಮೂರನೆಯದಾಗಿ ಬಂದದ್ದು ಸೆಲೆರಿಯಾಕ್. ಒಂದು ಗಡ್ಡೆ ಅದು. ನೋಡಲು ಏನೂ ಚೆಂದ ಇಲ್ಲ, ಸುವರ್ಣಗಡ್ಡೆಯ ಮರಿ ತರಹ. ಮೈದಾಗೆ ಕಲ್ಲುಪ್ಪು ಹಾಕಿ ಗಟ್ಟಿಯಾಗಿ ಕಲಸಿ, ಅದರೊಳಗೆ ಇಡೀ ಗಡ್ಡೆ ಮುಚ್ಚಿ, ಎರಡು ಗಂಟೆಗೂ ಜಾಸ್ತಿ ಓವನ್‌ನಲ್ಲಿ ಇಟ್ಟಿದ್ದರು. ಆಕೆ ಅದನ್ನು ಮರದ ಹಲಗೆ ಮೇಲೆ ಹಾಗೇ ಹೊತ್ತು ತಂದರು. ಕಲ್ಲಿನಂಥ ಉಂಡೆ. ಚಮಚದ ಬೆನ್ನಿನಿಂದ ಒಂದು ಏಟು ಹಾಕಿದರು. ಚಿಪ್ಪು ಬಿರಿಯಿತು, ಬುಸ್ ಅಂತ ಹಬೆ ಎದ್ದಿತು. ಮಳೆ ಬಿದ್ದ ಮಣ್ಣಿನ ವಾಸನೆಯೂ ಇತ್ತು, ಬೇಯಿಸಿದ ಕಡಲೆಕಾಯಿಯ ವಾಸನೆಯೂ ಇತ್ತು. ಹೋಳು ಮಾಡಿ ತಟ್ಟೆಗಿಟ್ಟು, ಮೇಲೆ ಕಂದು ಬೆಣ್ಣೆ ಸುರಿದರು.

ಅಮ್ಮ ಮೂಸಿದಳು. "ಇದು ನಮ್ಮನೆ ವಾಸನೆ ಕಣೇ" ಅಂದಳು.

ನಿಜವಾಗಲೂ ಅದೇ. ಬೆಣ್ಣೆ ಕಾಯಿಸಿ ತುಪ್ಪ ಮಾಡುವಾಗ ತಳದಲ್ಲಿ ಗಸಿ ಕಂದಾಗುತ್ತಲ್ಲ, ಆಗ ಮನೆ ತುಂಬಾ ಹರಡುತ್ತಲ್ಲ ಒಂದು ಘಮ, ಫ್ರೆಂಚರು ಅದನ್ನೇ ಸಾಸ್ ಮಾಡಿಕೊಂಡಿದ್ದಾರೆ. ನಾವು ಗಸಿಯನ್ನು ಸೋಸಿ ತುಪ್ಪ ಇಟ್ಟುಕೊಳ್ಳುತ್ತೇವೆ. ಅವರು ಗಸಿ ಸಮೇತ ಬಡಿಸುತ್ತಾರೆ. ಹಾಲಿನ ಅಂಶ ಕಾದು ಕಂದಾಗುವ ಕೆಲಸ ಎರಡೂ ಕಡೆ ಒಂದೇ. ಅಮ್ಮ ಬ್ರೆಡ್‌ನಲ್ಲಿ ಬಳಿದದ್ದು ಅದನ್ನೇ.

ಆಮೇಲೆ ಚೀಸ್ ಹೊತ್ತು. ಪಕ್ಕದ ಟೇಬಲ್‌ಗೆಲ್ಲ ಹಲಗೆ ತುಂಬಾ ಚೀಸ್ ಹೋಯಿತು. ನಮ್ಮ ಹತ್ತಿರ ಆಕೆ ಬರಿಗೈಯಲ್ಲಿ ಬಂದು ಬಗ್ಗಿ ನಿಂತರು. ಮೆಲ್ಲಗೆ ಹೇಳಿದರು: "ಇವತ್ತು ನಮ್ಮಲ್ಲಿರುವುದು ಕೊಂತೆ ಚೀಸ್. ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿರುತ್ತಾರೆ. ನಿಮಗೆ ಅದು ಬೇಡವಾಗಬಹುದು ಅಂತ ಅನ್ನಿಸಿತು. ಪೇರಳೆ ಸುಟ್ಟು ಜೇನು, ಅಕ್ರೋಟು ಹಾಕಿ ಕೊಡಲಾ?" ಪೇರಳೆ ಅಂದರೆ ಇಲ್ಲಿ ಪೇರ್ ಹಣ್ಣು, ನಮ್ಮ ಸೀಬೆ ಅಲ್ಲ.

ನಾನು ಇಷ್ಟು ವರ್ಷ ಇಲ್ಲಿದ್ದೇನೆ. ನಾನು ಕೇಳದೆಯೇ ರೆನೆಟ್ ವಿಷಯ ಹೇಳಿದವರು ಅವರೊಬ್ಬರೇ. ಸುಮ್ನೆ ಕೊಟ್ಟಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ. ನನ್ನ ಲೆಕ್ಕದಲ್ಲಿ ಫೈನ್ ಡೈನಿಂಗ್ ಅನ್ನುವ ಮಾತಿಗೆ ತಕ್ಕದ್ದು ಇದು.

ತಟ್ಟೆ ಇಡುವಾಗಲೆಲ್ಲ ಆಕೆ ಒಂದು ಮಾತು ಹೇಳುತ್ತಿದ್ದರು. ಅಮ್ಮನಿಗೆ ಫ್ರೆಂಚ್ ಬರುವುದಿಲ್ಲ. ಏನಂತೆ ಅಂತ ಕೇಳಿದಳು. "ನಿಧಾನವಾಗಿ ಆಗಲಿ ಅಂತಾರೆ" ಅಂದೆ. "ಓ, ಪಂಕ್ತಿಯಲ್ಲಿ ಹೇಳುವ ಹಾಗೆ, ಸಾವಕಾಶವಾಗಿ ಊಟ ಮಾಡಿ ಅಂತ" ಅಂದಳು. ಅಲ್ಲಿಂದ ಮುಂದೆ ಅಮ್ಮ ಆ ಮನೆಯಲ್ಲಿ ನೆಂಟರ ಥರ ಕೂತಳು. ಸೆರಗು ಸರಿ ಮಾಡಿಕೊಳ್ಳುವುದನ್ನೂ ಬಿಟ್ಟಳು.

ಒಂದು ವಿಷಯ ನನಗೆ ಬಹಳ ಚುಚ್ಚುತ್ತದೆ, ಅದನ್ನೂ ಹೇಳಬೇಕು. ಇಂಥ ಜಾಗಗಳ ಬಗ್ಗೆ ಬರೆಯುವಾಗ ಒಲೆ ಮುಂದೆ ನಿಂತವರ ಹೆಸರು ಮಾತ್ರ ಬರುತ್ತದೆ. ಹೊರಗೆ ಬಡಿಸಿದವರ ಹೆಸರು ಕೊನೆಯ ಸಾಲಿನಲ್ಲಿ, ಕೆಲವು ಸಲ ಇಲ್ಲವೇ ಇಲ್ಲ. ಲಾಯೋಲ್ ಎಂಬ ಊರಿನ ಮಿಶೆಲ್ ಬ್ರಾಸ್ ಅಂದರೆ ಲೋಕಕ್ಕೆಲ್ಲ ಗೊತ್ತು. ಹತ್ತಾರು ಬಗೆಯ ಎಳೆ ತರಕಾರಿ, ಸೊಪ್ಪು, ಹೂವು ಸೇರಿಸಿ ಗಾರ್ಗೂಯೂ ಅನ್ನುವ ಅಡುಗೆ ಮಾಡಿದವರು. ಅವರ ಜೊತೆ ಆ ಮನೆ ನಡೆಸಿದ ಹೆಂಡತಿ ಜಿನೆಟ್ ಹೆಸರು ಎಷ್ಟು ಜನಕ್ಕೆ ಗೊತ್ತು? ಈಗ ಮಗ ಸೆಬಾಸ್ಟಿಯನ್, ಸೊಸೆ ವೆರೊನಿಕ್. ಈ ಸೆಬಾಸ್ಟಿಯನ್ 2017ರಲ್ಲಿ ನಮ್ಮ ಮೂರು ಸ್ಟಾರ್ ವಾಪಸ್ ತೆಗೆದುಕೊಳ್ಳಿ, ಒತ್ತಡ ಇಲ್ಲದೆ ಅಡುಗೆ ಮಾಡಬೇಕು ಅಂತ ಮಿಶೆಲಿನ್‌ನವರನ್ನು ಕೇಳಿಕೊಂಡರು. ಆ ಮಾತು ನನಗೆ ಇವತ್ತಿಗೂ ಇಷ್ಟ.

ಉಲ್ಟಾ ಇರುವ ಜೋಡಿಗಳೂ ಇವೆ. ವಾಲಾಂಸ್‌ನ ಆನ್-ಸೊಫಿ ಪಿಕ್ 2007ರಲ್ಲಿ ಮೂರು ಸ್ಟಾರ್ ಪಡೆದವರು. ಅಡುಗೆ ಅವರದು, ವ್ಯವಹಾರ ಗಂಡ ಡೇವಿಡ್ ಸಿನಾಪಿಯಾನ್ ಅವರದು. ಪ್ಯಾರಿಸ್‌ನ ಬೆಲ್‌ವಿಲ್‌ನಲ್ಲಿ ಲ ಬರಾತಾಂ ಅನ್ನುವ ಸಣ್ಣ ಜಾಗ ಇದೆ. ಒಲೆ ಮುಂದೆ ರಾಕೆಲ್ ಕರೆನಾ, ಅರ್ಜೆಂಟೀನಾದಿಂದ ಬಂದವರು, ಅಡುಗೆ ತಾವೇ ಕಲಿತವರು. ವೈನ್ ನೋಡಿಕೊಂಡವರು ಅವರ ಸಂಗಾತಿ. ಯಾರು ಎಲ್ಲಿ ನಿಂತರೂ ಸರಿ, ನಾನು ಹೇಳುವುದು ಇಷ್ಟೇ. ಹೊರಗೆ ನಿಂತವರ ಕೆಲಸ ಅಡುಗೆಗಿಂತ ಒಂದು ಗುಲಗಂಜಿ ಕಡಿಮೆ ಅಲ್ಲ. ರೆನೆಟ್ ನೆನಪಿಟ್ಟುಕೊಂಡದ್ದು ಬಾಣಸಿಗ ಅಲ್ಲ. ಬ್ರೆಡ್ ತಂದಿಟ್ಟದ್ದೂ ಬಾಣಸಿಗ ಅಲ್ಲ.

ಎಲ್ಲರಿಗೂ ಇಂಥ ಜಾಗ ಹಿಡಿಸುತ್ತದೆ ಅಂತ ಹೇಳುವುದಿಲ್ಲ. ಆರಿಸುವುದಕ್ಕೆ ಏನೂ ಇರುವುದಿಲ್ಲ, ಅವತ್ತು ಮಾಡಿದ್ದೇ ಊಟ. ಟೇಬಲ್ ಸಿಗಲು ವಾರಗಟ್ಟಲೆ ಕಾಯಬೇಕು. ಇಬ್ಬರಲ್ಲಿ ಒಬ್ಬರಿಗೆ ಜ್ವರ ಬಂದರೂ ಬಾಗಿಲು ಮುಚ್ಚುತ್ತದೆ. ನಮಗೆ ಆರು ಬಗೆಯ ಊಟಕ್ಕೆ ತಲೆಗೆ 68 ಯೂರೋ ಆಯಿತು. ಕಡಿಮೆ ದುಡ್ಡೇನಲ್ಲ. ಪ್ಯಾರಿಸ್‌ನ ಮೂರು ಸ್ಟಾರ್ ಜಾಗಗಳಲ್ಲಿ ರಾತ್ರಿ ಮೆನು 300 ಯೂರೋ ದಾಟುತ್ತದೆ ಅನ್ನುವುದೂ ನಿಜ. ಒಂದೇ ಮೆನು ಇರುವುದರಿಂದ ಸಾಮಾನು ಹಾಳಾಗುವುದಿಲ್ಲ, ಸಂಬಳಕ್ಕೆ ಜನ ಇಲ್ಲ. ಹಾಗಾಗಿ ಆ ಬೆಲೆಗೆ ಆ ಊಟ ಸಾಧ್ಯ. ಉಳಿದದ್ದೆಲ್ಲ ಅವರಿಬ್ಬರ ಮೈಮುರಿಯುವ ದುಡಿಮೆ. ಅದಕ್ಕೇ ಟೇಬಲ್ ಹಿಡಿದು, ಹೇಳದೆ ಕೇಳದೆ ಬರದೇ ಇರುವವರನ್ನು ಕಂಡರೆ ನನಗೆ ಸಿಟ್ಟು. ಇಪ್ಪತ್ತರಲ್ಲಿ ನಾಲ್ಕು ಕುರ್ಚಿ ಖಾಲಿ ಉಳಿದರೆ ಅವತ್ತಿನ ದುಡಿಮೆಯ ಐದನೇ ಒಂದು ಪಾಲು ಹೋಯಿತು. ದಯವಿಟ್ಟು ಹಾಗೆ ಮಾಡಬೇಡಿ. ಒಂದು ಫೋನ್ ಮಾಡಿ.

ಕೊನೆಗೆ ಬಾಣಸಿಗ ಹೊರಗೆ ಬಂದರು. ಏಪ್ರನ್ ಒದ್ದೆಯಾಗಿತ್ತು. ಒಂದೊಂದೇ ಟೇಬಲ್‌ನಲ್ಲಿ ಮಾತಾಡಿಸಿಕೊಂಡು ನಮ್ಮ ಹತ್ತಿರ ಬಂದರು. ಹೇಗಿತ್ತು ಅಂತ ಅವರು ಕೇಳುವ ಮೊದಲೇ ಅಮ್ಮ ಕನ್ನಡದಲ್ಲಿ ಕೇಳಿಬಿಟ್ಟಳು: "ನಿಮ್ಮಿಬ್ಬರದೂ ಊಟ ಆಯ್ತೇನಪ್ಪ?"

ನಾನು ಫ್ರೆಂಚ್‌ನಲ್ಲಿ ಹೇಳಿದೆ. ಅವರು ಒಂದು ಗಳಿಗೆ ಸುಮ್ಮನಾದರು. ಆಮೇಲೆ ಹೆಂಡತಿಯನ್ನು ಕೂಗಿ ಕರೆದರು, ಇವರು ಏನು ಕೇಳುತ್ತಿದ್ದಾರೆ ನೋಡು ಅಂತ. ಆಕೆ ಕೈ ಒರೆಸಿಕೊಳ್ಳುತ್ತಾ ಬಂದು ಅಮ್ಮನ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತರು. ಇನ್ನೂ ಇಲ್ಲ, ಕೊನೆಯ ಟೇಬಲ್ ಎದ್ದ ಮೇಲೆ ಒಳಗೆ ನಿಂತುಕೊಂಡೇ ತಿನ್ನುತ್ತೇವೆ ಅಂದರು. ಇವತ್ತು ಸೆಲೆರಿಯಾಕ್ ಸ್ವಲ್ಪ ಉಳಿದಿದೆಯಂತೆ.

"ಹಾಗಾದರೆ ನಾವು ಏಳೋಣ, ಅವರು ಕೂತು ಉಣ್ಣಲಿ" ಅಂತ ಅಮ್ಮ ಕೋಟು ಎತ್ತಿಕೊಂಡಳು.